ಎಂಟು ಸೆಕೆಂಡು ಅಲುಗಾಡಬೇಡಿ!

ಕತ್ತಲೆಯನ್ನು ಗೆದ್ದೇ ತೀರುತ್ತೇನೆ ಎಂದು ನಾನು ಪ್ರತಿಜ್ಞೆ ಮಾಡಿದ್ದು ಒಂದು ಭಾನುವಾರ, ಮಟಮಟ ಮಧ್ಯಾಹ್ನ.

"ಹಗಲ ಹೊತ್ತಿನ್ಯಾಗ ಫೋಟೊ ತೆಗಿಯೂದು ಯಾರಿಗೆ ಬರೂದಿಲ್ಲ? ಅರ್ಧಾ ಕೆಲಸ ಸೂರ್ಯಾನ ಮಾಡಿರ್ತಾನ. ರಾತ್ರಿ ತೆಗಿಯಾಂವನ ಖರೆ ಗಂಡಸು!" ಎಂದೆ.

ಜೋಳ ಹಸನು ಮಾಡುತ್ತಿದ್ದ ನನ್ನ ಹೆಂಡತಿ ಸೋನಾಲಿ ಮೊರದಿಂದ ತಲೆ ಎತ್ತಲಿಲ್ಲ. "ಹಂಗಾರ ಹಗಲ ಹೊತ್ತಿನ್ಯಾಗ ನಿಮ್ಮನ್ನ ಏನಂತ ತಿಳಕೋಬೇಕ್ರಿ?" ಎಂದಳು.

ನಾನು ಗಡಿಯಾಚೆ, ಮರಾಠಿ ಸೀಮೆಯ ಜತ್ತ ತಾಲೂಕಿನ ಸಂಖದ ಕನ್ನಡ ಶಾಲೆಯ ಮಾಸ್ತರ. ಇಪ್ಪತ್ತೊಂದು ವರ್ಷ ಮಕ್ಕಳಿಂದ ಇಂಥ ಪ್ರಶ್ನೆಗಳನ್ನು ಎದುರಿಸಿದವನು. ಉತ್ತರ ಗೊತ್ತಿಲ್ಲದಿದ್ದಾಗ ಏನು ಮಾಡಬೇಕೆಂಬುದು ನನಗೆ ಚೆನ್ನಾಗಿ ಗೊತ್ತು. ಕನ್ನಡಕ ಒರೆಸಿಕೊಂಡೆ.

ಈ ಮಹಾಪ್ರತಿಜ್ಞೆಗೆ ಕಾರಣ ನನ್ನ ಅತ್ತೆ, ಬಾಲಗಾಂವದ ಇಂದ್ರಾಬಾಯಿ. ವಯಸ್ಸು ಎಪ್ಪತ್ತೆರಡು. ಅವರ ನೆರೆಮನೆಯ ಮಲಕವ್ವ ಸಾಂಗಲಿಯಾಚೆ ಹೆದ್ದಾರಿಯ ಬದಿಗಿರುವ ಒಂದು ದೊಡ್ಡ ಪಾರ್ಕಿಗೆ ಹೋಗಿ, ರಾತ್ರಿ ಹಾಡಿಗೆ ತಕ್ಕಂತೆ ಬಣ್ಣದ ನೀರು ಕುಣಿಯುವುದನ್ನು ನೋಡಿ ಬಂದಿದ್ದಳು. ನೋಡಿದ್ದು ಅರ್ಧ ತಾಸು, ಹೇಳಿದ್ದು ಆರು ತಿಂಗಳು! ಅತ್ತೆಗೂ ಆಸೆ ಹುಟ್ಟಿತು. ಆದರೆ ಅವರಿಗೆ ಬೇಕಾದದ್ದು ಬರೀ ನೋಟವಲ್ಲ, ಒಂದು ಫೋಟೊ.

"ಅಳಿಯಾರ, ನಾಳಿ ನಾ ಹ್ವಾದ ಮ್ಯಾಲ ಗ್ವಾಡಿಗಿ ನಂದೊಂದು ಫೋಟೊ ಹಾಕವರ ಅದೀರಿ, ಹೌದಲ್ಲ? ಆಧಾರ ಕಾರ್ಡಿನ ಫೋಟೊ ದೊಡ್ಡದು ಮಾಡಿ ಮಾತ್ರ ಹಾಕಬ್ಯಾಡ್ರಿ. ಅದರಾಗ ನಾ ಕಳವು ಮಾಡಿ ಸಿಕ್ಕವರಂಗ ಕಾಣ್ತೀನಿ. ನಿಮ್ಮ ಮಾವನವರದೂ ಹಂಗ ಆತು. ನಕ್ಕೋತ ಇರೂ ಮನಶ್ಯಾ ಅವ್ರು. ಈಗ ದಿನಾ ಊದಿನಕಡ್ಡಿ ಹಚ್ಚುವಾಗ ಗ್ವಾಡಿ ಮ್ಯಾಲಿಂದ ನನ್ನ ಬೈದಂಗ ನೋಡ್ತಾರ. ನಾ ನನ್ನ ಎರಡೂ ಹೆಣ್ಮಕ್ಕಳ ನಡುವ ನಿಂದ್ರಬೇಕು, ಹಿಂದ ಬಣ್ಣದ ನೀರು ಕುಣೀಬೇಕು. ಅಂಥಾದೊಂದು ಫೋಟೊ ತೆಗಸ್ರಿ."

ಇದನ್ನವರು ಹೇಳಿದ್ದು ನಗುತ್ತಲೇ. ನಾನು ಮಾತ್ರ ಗೋಡೆಯ ಮೇಲಿನ ಮಾವನವರತ್ತ ನೋಡಿದೆ.

"ನನ್ನ ಮೊಬೈಲಿನ್ಯಾಗ ತೆಗದ್ರ ಆತ್ರಿ, ಅಗದಿ ಚಲೋ ಬರ್ತಾವು" ಎಂದ ಬಸಗೊಂಡ. ಇವನು ನನ್ನ ಷಡ್ಡಕ. ಸೋನಾಲಿಯ ತಂಗಿ ದೀಪಾಲಿಯ ಗಂಡ. ಬಿಳೂರಿನಲ್ಲಿ ದ್ರಾಕ್ಷಿ ಬೆಳೆಯುತ್ತಾನೆ. ದ್ರಾಕ್ಷಿ ತಿಂದು ಬೆಳೆದವನಂತೆ ಕಾಣುವುದಿಲ್ಲ, ದ್ರಾಕ್ಷಿಯ ಪೆಟ್ಟಿಗೆಗಳನ್ನೇ ತಿಂದವನಂತೆ ಇದ್ದಾನೆ.

"ಮೊಬೈಲಾ?" ಎಂದು ನಾನು ನಕ್ಕ ನಗೆಗೆ ಗೋಡೆಯ ಮೇಲಿನ ಮಾವನವರೂ ಬೆಚ್ಚಿರಬೇಕು. "ಅತ್ತಿಯಾರ, ಈ ಫೋಟೊ ನನ್ನ ಜವಾಬ್ದಾರಿ!"

ಜತ್ತಿನ ಒಂದು ಸ್ಟುಡಿಯೋದವರು ಬಳಸಿಬಿಟ್ಟ ಕ್ಯಾಮೆರಾ ತಂದೆ. ಹದಿನೈದು ದಿನ ಊಟದ ಹೊತ್ತಿಗೂ ವಿಡಿಯೋ ನೋಡಿ ಕತ್ತಲೆಯ ಫೋಟೊ ವಿದ್ಯೆಯ ಸಾರ ಹಿಂಡಿ ತೆಗೆದೆ. ಸಾರ ಇಷ್ಟೇ: ಕತ್ತಲಲ್ಲಿ ಕ್ಯಾಮೆರಾದ ಕಣ್ಣು ಎಂಟು ಸೆಕೆಂಡು ತೆರೆದಿರಬೇಕು. ಆ ಎಂಟು ಸೆಕೆಂಡು ಕ್ಯಾಮೆರಾವೂ ಅಲುಗಾಡಬಾರದು, ಮನುಷ್ಯರೂ ಅಲುಗಾಡಬಾರದು.

ಮೊದಲ ಪ್ರಯೋಗ ಅಡುಗೆಮನೆಯಲ್ಲಿ ನಡೆಯಿತು. ಸೋನಾಲಿ ರೊಟ್ಟಿ ಬೇಯಿಸುತ್ತಿದ್ದಾಗ ಟಪ್ಪನೆ ದೀಪ ಆರಿಸಿದೆ.

"ಯಾರದು?"

"ನಾನ! ಎಂಟು ಸೆಕೆಂಡು ಅಲುಗಾಡಬ್ಯಾಡ!"

"ರೊಟ್ಟಿ ಹತ್ತಾಕತ್ತೈತ್ರೀ!"

"ಹತ್ತಲಿ! ಕಲೆ ಅಂದ ಮ್ಯಾಲ ತ್ಯಾಗ ಇರ್ತೈತಿ!"

ಅಂದು ರಾತ್ರಿ ಆ ತ್ಯಾಗವನ್ನು ನನ್ನ ತಾಟಿಗೇ ಹಾಕಿದಳು. ಫೋಟೊ ತೋರಿಸಿದೆ. ಕಪ್ಪು, ಬರೀ ಕಪ್ಪು. ಆಕೆ ಬಹಳ ಹೊತ್ತು ನೋಡಿ, "ರೊಟ್ಟಿ ಮಾತ್ರ ಇದ್ದಂಗ ಬಂದೈತಿ ನೋಡ್ರಿ" ಎಂದಳು.

ನಾನು ಎದೆಗುಂದುವವನಲ್ಲ. ದೀಪಾವಳಿ ಸೂಟಿಯಲ್ಲಿ ಒಂದು ದಿನ ಐದೂ ಜನ ಬಸಗೊಂಡನ ಗಾಡಿಯಲ್ಲಿ ಹೊರಟೆವು. ಅತ್ತೆ ಹಸಿರು ಇಳಕಲ್ ಸೀರೆ ಉಟ್ಟು, ದಾರಿಯುದ್ದಕ್ಕೂ ಅದರ ನಿರಿಗೆ ಕೆಡದಂತೆ ಕೂತಿದ್ದರು. ಪಾರ್ಕಿನ ಮುಂದೆ ಗಾಡಿ ನಿಂತ ಕೂಡಲೇ ನಾನು ಮೊದಲನೆಯ ಆಜ್ಞೆ ಹೊರಡಿಸಿದೆ.

"ಎಲ್ಲಾರೂ ಮೊಬೈಲ್ ಗಾಡ್ಯಾಗ ಇಡ್ರಿ. ಅದರ ಬೆಳಕು ಬಿದ್ದರ ನನ್ನ ಫೋಟೊ ಕೆಡ್ತೈತಿ."

"ಮಾಮಾ, ಒಂದರ ಇರಲಿ" ಎಂದಳು ದೀಪಾಲಿ.

"ಒಂದೂ ಬ್ಯಾಡ!"

ಮೂರು ಮೊಬೈಲು ಗಾಡಿಯಲ್ಲಿ ಸೇರಿದವು. ಕೀಲಿ ಹಾಕಿದ್ದೂ ನಾನೇ.

ಬಾಗಿಲಲ್ಲಿ ಕಾವಲುಗಾರ ನನ್ನ ಮೂರು ಕಾಲಿನ ಸ್ಟ್ಯಾಂಡನ್ನು ತಡೆದ. "ಕಾಕಾ, ಸ್ಟ್ಯಾಂಡ್ ಆತ ಚಾಲಣಾರ ನಾಹೀ." ಸ್ಟ್ಯಾಂಡು ಒಳಗೆ ನಡೆಯುವುದಿಲ್ಲವಂತೆ, ಕತ್ತಲಲ್ಲಿ ಜನ ಎಡವಿ ಬೀಳುತ್ತಾರಂತೆ! ಕಲೆಯ ಮಹತ್ವ, ಶಿಕ್ಷಕರ ಸ್ಥಾನಮಾನ, ವೃದ್ಧ ಮಾತೆಯ ಅಂತಿಮ ಇಚ್ಛೆ, ಈ ಮೂರರ ಮೇಲೆ ಅಚ್ಚ ಮರಾಠಿಯಲ್ಲಿ ಹತ್ತು ನಿಮಿಷ ಭಾಷಣ ಮಾಡಿದೆ. ಆತ ಪೂರ್ತಿ ಕೇಳಿದ. ಕೇಳಿ, ಸ್ಟ್ಯಾಂಡನ್ನು ಛತ್ರಿಗಳ ಜೊತೆಗೆ ಮೂಲೆಯಲ್ಲಿಟ್ಟು ನನಗೊಂದು ಟೋಕನ್ ಕೊಟ್ಟ.

ಆದರೂ ನಾನು ಕುಗ್ಗಲಿಲ್ಲ. ನನ್ನ ದೃಷ್ಟಿ ಬಸಗೊಂಡನ ಹೆಗಲ ಮೇಲೆ ಬಿತ್ತು. ಎಂಥ ಹೆಗಲು! ಅಗಲ, ಸಮತಟ್ಟು, ಗಟ್ಟಿ. ದೇವರು ಕ್ಯಾಮೆರಾ ಇಡಲೆಂದೇ ಮಾಡಿದ ಕಟ್ಟೆ!

ಒಳಗೆ ದುಂಡನೆಯ ದೊಡ್ಡ ಕೊಳ. ಅದರ ಸುತ್ತ ಕಬ್ಬಿಣದ ಸರಳಿನ ಕಟಾಂಜನ. ಅದರ ಮುಂದೆ ಕಲ್ಲು ಹಾಸಿದ ಅಗಲವಾದ ನೆಲ, ನೆಲದ ಮೇಲೊಂದು ಹಳದಿ ಗೆರೆ. ಗೆರೆಯಾಚೆ ಖಾಲಿ ಬಿಟ್ಟ ದಾರಿ, ಅದರಾಚೆ ಮೆಟ್ಟಿಲುಗಳ ಮೇಲೆ ಸಾವಿರ ಜನ. ಅತ್ತೆಯನ್ನು ಕಟಾಂಜನಕ್ಕೆ ಬೆನ್ನು ಮಾಡಿ ನಿಲ್ಲಿಸಿದೆ. ಬಲಕ್ಕೆ ಸೋನಾಲಿ, ಎಡಕ್ಕೆ ದೀಪಾಲಿ. ಹಾಡು ಶುರುವಾಯಿತು. ಹಿಂದೆ ನೀರು ಕೆಂಪಾಗಿ, ಹಸಿರಾಗಿ, ನೀಲಿಯಾಗಿ ಎದ್ದು ಬಳುಕಿತು. ನಾನು ಬಸಗೊಂಡನ ಹೆಗಲ ಮೇಲೆ ಕ್ಯಾಮೆರಾ ಇಟ್ಟು ಕೂಗಿದೆ.

"ಎಂಟು ಸೆಕೆಂಡು ಯಾರೂ ಅಲುಗಾಡಬ್ಯಾಡ್ರಿ! ಬಸಗೊಂಡ, ಉಸಿರು ಬಿಡಬ್ಯಾಡ!"

ಮೂರನೆಯ ಸೆಕೆಂಡಿಗೆ ಹೆಗಲು ಏರಿತು, ನಾಲ್ಕನೆಯದಕ್ಕೆ ಇಳಿಯಿತು.

"ಉಸಿರಾಡಿದೆಲ್ಲೋ!"

"ಅಣ್ಣಾರ, ನಾ ಮನಶ್ಯಾ ಅದೀನ್ರಿ!"

ಎರಡನೆಯ ಸಲ ದೀಪಾಲಿಗೆ ಸೊಳ್ಳೆ ಕಚ್ಚಿತು. ಮೂರನೆಯ ಸಲ ಬಸಗೊಂಡ ಏಳು ಸೆಕೆಂಡು ಉಸಿರು ಹಿಡಿದು, ಎಂಟನೆಯದಕ್ಕೆ ಎಂಥ ಸೀನು ಸೀನಿದನೆಂದರೆ ಕ್ಯಾಮೆರಾ ಒಂದು ಗೇಣು ಹಾರಿ ನನ್ನ ಹಣೆಗೆ ಬಡಿಯಿತು. ಹೀಗೆ ಇಪ್ಪತ್ತು, ಮೂವತ್ತು, ನಲವತ್ತು ಸಲ! ಪಾಪ, ಅತ್ತೆ ಮಾತ್ರ ಪ್ರತಿ ಸಲವೂ ಕಂಬದಂತೆ ನಿಲ್ಲುತ್ತಿದ್ದರು. "ಅಳಿಯಾರ, ಈಗ ಕಣ್ಣ ಪಿಳಕಸ್ಲಿ?" ಎಂದು ಅಪ್ಪಣೆ ಕೇಳುತ್ತಿದ್ದರು. ಆದರೆ ಒಂದೊಂದು ಫೋಟೊಗೂ ಅವರ ಮುಖ ಬಿಗಿಯುತ್ತ ಬಿಗಿಯುತ್ತ ಆಧಾರ ಕಾರ್ಡಿನ ಕಡೆಗೇ ಸಾಗುತ್ತಿತ್ತು.

ಸೋನಾಲಿ ಹತ್ತಿರ ಬಂದು ಪಿಸುಗುಟ್ಟಿದಳು. "ಅವ್ವ ದಣದಾಳ್ರಿ. ಗಾಡಿ ಕೀಲಿ ಕೊಡ್ರಿ, ಮೊಬೈಲ್ ತರ್ತೀನಿ."

"ನನ್ನ ಮ್ಯಾಲ ಭರವಸಾ ಇಲ್ಲೇನು?"

"ಭರವಸಾ ಐತ್ರಿ. ಫೋಟೊ ಇಲ್ಲ."

ಅಷ್ಟರಲ್ಲಿ ಧ್ವನಿವರ್ಧಕ ಕೊನೆಯ ಹಾಡೆಂದು ಸಾರಿತು. ಹೆಗಲನ್ನು ನಂಬಿ ಕೆಟ್ಟೆ, ಇನ್ನು ಭೂತಾಯಿಯೇ ಗತಿ! ಭೂಮಿ ಸೀನುವುದಿಲ್ಲವಲ್ಲ! ಕ್ಯಾಮೆರಾ ಹಿಡಿದು ಹಿಂದೆ ಹಿಂದೆ ಸರಿದೆ.

"ಅಣ್ಣಾರ, ಹಳದಿ ಗೆರಿ! ದಾಟಬಾರದಂತ!" ಎಂದು ಬಸಗೊಂಡ ಕೂಗಿದ.

ದಾಟಿದೆ. ಕಲ್ಲಿನ ಮೇಲೆ ಬೋರಲು ಮಲಗಿದೆ. ಕ್ಯಾಮೆರಾ ನೆಲಕ್ಕಿಟ್ಟು ಗುಂಡಿ ಒತ್ತಿ ಎಣಿಸತೊಡಗಿದೆ. ಒಂದು, ಎರಡು, ಮೂರು... ಐದಕ್ಕೆ ಎಡಗಡೆಯಿಂದ ಡೋಲಿನ ಸದ್ದು ಕೇಳಿತು. ಆರಕ್ಕೆ ಮರಗಾಲು ಕಟ್ಟಿದ ನಾಲ್ವರು ನನ್ನನ್ನು ದಾಟಿ ಹೋದರು. ಏಳಕ್ಕೆ ಬೆಂಕಿ ಉಗುಳುವವನೊಬ್ಬ ಹೋದ. ಎಂಟಕ್ಕೆ ನನ್ನ ಮೂಗಿನ ಮುಂದೆ ಎರಡು ಕರಿ ಪಾದಗಳು ಬಂದು ನಿಂತವು. ತಲೆ ಎತ್ತಿದೆ.

ಕರಡಿ! ಏಳಡಿ ಎತ್ತರದ, ವೇಷದ ಕರಡಿ! ಕೊನೆಯ ಹಾಡಿನ ಮೆರವಣಿಗೆ ನಾನು ಮಲಗಿದ್ದ ದಾರಿಯಲ್ಲೇ ಬರುವುದಿತ್ತು.

ಮೇಲಿನಿಂದ ಬೆಳ್ಳನೆಯ ಬೆಳಕಿನ ಕಂಬವೊಂದು ನೇರ ನನ್ನ ಮೇಲೆ ಬಿತ್ತು. ಕರಡಿ ಒಂದು ಕ್ಷಣ ಯೋಚಿಸಿ, ನನ್ನ ಪಕ್ಕದಲ್ಲಿ ತಾನೂ ಬೋರಲು ಮಲಗಿತು. ಮೆಟ್ಟಿಲುಗಳು ನಕ್ಕವು. ನಾನೆದ್ದೆ, ಅದೂ ಎದ್ದಿತು. ನಾನು ಕನ್ನಡಕ ಒರೆಸಿಕೊಂಡೆ, ಅದು ಕಣ್ಣುಜ್ಜಿಕೊಂಡಿತು. ನಾನು ಮಾಸ್ತರನ ಗತ್ತಿನಲ್ಲಿ ಬೆರಳೆತ್ತಿ ಗದರಿದೆ. ಅದು ಕಿವಿ ಹಿಡಿದುಕೊಂಡು ಉಠಾಬಸಿ ತೆಗೆಯಿತು! ಜನ ಬಿದ್ದು ಬಿದ್ದು ನಗುತ್ತಿದ್ದಾರೆ. ನನ್ನನ್ನೂ ಆಟದ ಪಾತ್ರಧಾರಿ ಎಂದೇ ತಿಳಿದಿದ್ದಾರೆ!

ಆ ಗದ್ದಲದಲ್ಲಿ ಕರಡಿ ನನ್ನ ಕ್ಯಾಮೆರಾ ಎತ್ತಿಕೊಂಡು ಕೊರಳಿಗೆ ಹಾಕಿಕೊಂಡಿತು. ನಾನು ಬೆನ್ನಟ್ಟಿದೆ. ನಾಲ್ಕು ಹೆಜ್ಜೆ ಓಡಿದ್ದೆ ಅಷ್ಟೆ, ಕಾಲ ಕೆಳಗಿನ ಕಲ್ಲಿನ ಸಂದಿಯಿಂದ ಚಿಮ್ಮಿತಲ್ಲ ನೀರು! ಪಕ್ಕಕ್ಕೆ ಹಾರಿದೆ, ಅಲ್ಲೂ ಚಿಮ್ಮಿತು. ಮುಂದೆ ಜಿಗಿದರೆ ಮುಂದೆ, ಹಿಂದೆ ಜಿಗಿದರೆ ಹಿಂದೆ! ಮೇಲಿನಿಂದ ಬೀಳುವ ಮಳೆಯನ್ನೇ ನಾವು ಜತ್ತಿನವರು ಕಾದು ಕಾದು ನೋಡುವವರು. ಕೆಳಗಿನಿಂದ ಏರುವ ಮಳೆಯನ್ನು ನಾನು ಕಂಡದ್ದು ಅದೇ ಮೊದಲು! ಕೆಂಪು ಮಾಸ್ತರನಾದೆ, ಹಸಿರು ಮಾಸ್ತರನಾದೆ, ನೀಲಿ ಮಾಸ್ತರನಾಗಿ ಜಾರಿ ಕುಕ್ಕರಿಸಿದೆ.

ಆಗ ಮೆಟ್ಟಿಲುಗಳ ನಡುವಿನಿಂದ ಅಚ್ಚ ಕನ್ನಡದ ದನಿಯೊಂದು ಬಂತು. "ಏ, ಅವ್ರು ನಮ್ಮ ಸಂಖದ ಸಾಲಿ ಮಾಸ್ತರ್ರಲೇ!"

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅದು ಬಾಯಿ ಬಿಟ್ಟೇ ನೀರು ಉಗುಳುತ್ತಿತ್ತು!

ಅಷ್ಟರಲ್ಲಿ ಕಟಾಂಜನದ ಕಡೆಯಿಂದ ಒಂದು ನಗೆ ಕೇಳಿಸಿತು. ತಿರುಗಿ ನೋಡಿದೆ. ಅತ್ತೆ! ಮದುವೆಯಾಗಿ ಹದಿನೆಂಟು ವರ್ಷವಾದರೂ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಸೆರಗು ಜಾರಿದ್ದು ಗೊತ್ತಿಲ್ಲ, ಕಣ್ಣಲ್ಲಿ ನೀರಿಳಿದದ್ದು ಗೊತ್ತಿಲ್ಲ. ಬೀಳದಂತೆ ಎರಡೂ ಹೆಣ್ಣುಮಕ್ಕಳ ತೋಳು ಹಿಡಿದುಕೊಂಡು, ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದರು. ಕರಡಿಯೂ ಅತ್ತ ನೋಡಿತು. ಕ್ಯಾಮೆರಾ ಎತ್ತಿ ತಿರುವಿ ಮುರುವಿ ಏನನ್ನೋ ಒತ್ತಿತು. ಫಳ್ಳೆಂದು ಬೆಳಕು ಮಿಂಚಿತು.

ಆಮೇಲೆ ಬಂದು ಕ್ಯಾಮೆರಾವನ್ನು ನನ್ನ ಕೊರಳಿಗೇ ಹಾಕಿ ಬಾಗಿ ನಮಸ್ಕರಿಸಿತು. ಕರಡಿಯ ಹೊಟ್ಟೆಯೊಳಗಿಂದ ಹುಡುಗಿಯೊಬ್ಬಳ ದನಿ ಮರಾಠಿಯಲ್ಲಿ, "ಸಾರೀ ಹಂ ಕಾಕಾ. ಅಜ್ಜಿಯ ಫೋಟೊ ಒಂದು ತೆಗೆದಿದ್ದೇನೆ" ಎಂದಿತು.

ನಾನು ಒದ್ದೆ ಅಂಗಿ ಹಿಂಡುತ್ತ ನಮ್ಮವರ ಬಳಿ ಬಂದೆ. ಆತ್ಮವಿಶ್ವಾಸ ಮಾತ್ರ ಒಣಗಿಯೇ ಇತ್ತು. "ಕಾಳಜಿ ಮಾಡಬ್ಯಾಡ್ರಿ. ನಲವತ್ತಾರು ಫೋಟೊ ನಾ ಮೊದಲ ತೆಗದೀನಿ!"

ಮರುದಿನ ಮುಂಜಾನೆ ಬಾಲಗಾಂವದಲ್ಲಿ ಆ ನಲವತ್ತಾರು ಫೋಟೊಗಳ ಟಿವಿ ಪ್ರದರ್ಶನ. ಅತ್ತೆ ಮಲಕವ್ವನನ್ನು ಕರೆದಿದ್ದರು. ಮಲಕವ್ವ ಓಣಿಯನ್ನೇ ಕರೆದಿದ್ದಳು.

ಮೊದಲನೆಯ ಫೋಟೊ ಬಂತು. "ಹೊಗಿ ಭಾಳ ಐತಿ. ಒಲಿ ಹೊತ್ತಸೀರೇನು?" ಎಂದಳು ಮಲಕವ್ವ.

ಐದನೆಯದು. "ಮಾಮಾ, ನನಗ ನಾಕು ಕೈ ಬಂದಾವ್ರಿ!" ದೀಪಾಲಿ ಚೀರಿದಳು.

ಹನ್ನೆರಡನೆಯದರಲ್ಲಿ ಮೂರು ನೆರಳುಗಳಿದ್ದವು, ಮುಖ ಒಂದಕ್ಕೂ ಇರಲಿಲ್ಲ. "ಛಾಯಾಚಿತ್ರ ಅಂದಿದ್ರಿ. ಛಾಯಾ ಬಂದೈತಿ. ಚಿತ್ರ ಎಲ್ಲೈತ್ರಿ?" ಎಂದಳು ಸೋನಾಲಿ.

ನಲವತ್ತಾರನೆಯದರಲ್ಲಿ ಬರೀ ಎರಡು ಕರಿ ಪಾದ. ಅತ್ತೆ ಮೆಲ್ಲನೆ ಎದ್ದು ಸೆರಗು ಸರಿ ಮಾಡಿಕೊಂಡರು.

"ಹೋಗ್ಲಿ ಬಿಡ್ರಿ ಅಳಿಯಾರ. ಆಧಾರ ಕಾರ್ಡಿಂದು ಐತೆಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮೆತ್ತಗಿನ ಮಾತು ನನ್ನನ್ನು ಕೊಂದಿತು. ಬಸಗೊಂಡನೇ ರಿಮೋಟ್ ಇಸಿದುಕೊಂಡು, "ಇನ್ನೊಂದೈತ್ರಿ" ಎಂದು ಒತ್ತಿದ.

ಪರದೆ ಬೆಳಗಿತು! ಹಿಂದೆ ಕೆಂಪು, ಹಳದಿ ನೀರಿನ ಹೂವು. ಮುಂದೆ ಹಸಿರು ಇಳಕಲ್ಲಿನಲ್ಲಿ ನನ್ನ ಅತ್ತೆ, ಬಾಯ್ತುಂಬ ನಗುತ್ತ. ಹಣೆಯ ವಿಭೂತಿಯ ಗೆರೆ, ಬಿದ್ದುಹೋದ ಒಂದು ಹಲ್ಲಿನ ಸಂದಿ, ಕೆನ್ನೆಯ ಮೇಲಿನ ಹನಿ, ಎಲ್ಲವೂ ಸ್ಪಷ್ಟ. ಎಡಬಲಕ್ಕೆ ಅಕ್ಕತಂಗಿಯರು ತಾಯಿಗೆ ಜೋತುಬಿದ್ದು ನಗುತ್ತಿದ್ದಾರೆ. ಕರಡಿಯ ದಪ್ಪ ಪಂಜ ನನ್ನ ಎಂಟು ಸೆಕೆಂಡಿನ ಲೆಕ್ಕಾಚಾರವನ್ನೆಲ್ಲ ತಿರುವಿಹಾಕಿ, ಗುಂಡಿಯನ್ನು 'ಆಟೊ'ಗೆ ತಂದು ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟಿತ್ತು. ನಾನೊಬ್ಬ ಬಿಟ್ಟಿರಲಿಲ್ಲ, ಅಷ್ಟೆ!

"ಅಯ್ಯ ಇಂದ್ರಾಬಾಯಿ, ನೀ ಇಷ್ಟು ಚಂದ ಅದೀ ಅಂತ ಇಷ್ಟು ವರ್ಷ ನನಗ ಗೊತ್ತ ಇರಲಿಲ್ಲ ನೋಡ!" ಎಂದಳು ಮಲಕವ್ವ.

ಅತ್ತೆ ಪರದೆಯ ಹತ್ತಿರ ಹೋಗಿ ತಮ್ಮ ಮುಖವನ್ನೊಮ್ಮೆ ಬೆರಳಿನಿಂದ ಮುಟ್ಟಿದರು. "ನಾ ಹ್ವಾದ ಮ್ಯಾಲ ಯಾಕ? ಇದನ್ನ ಈಗ ಹಾಕ್ರಿ" ಎಂದರು.

ಹಾಕಿದೆವು, ದೊಡ್ಡ ಕಟ್ಟು ಹಾಕಿಸಿ, ಬಾಗಿಲಿಗೆ ಎದುರಾಗಿ. ಬಂದವರೆಲ್ಲ ನಿಂತು ನೋಡುತ್ತಾರೆ.

ಹೋದ ವಾರ ನಮ್ಮ ಶಾಲೆಯ ಮುಖ್ಯಾಧ್ಯಾಪಕ ಶಂಕರೆಪ್ಪನವರು ನನ್ನನ್ನು ಕೋಣೆಗೆ ಕರೆದು ಕುರ್ಚಿ ತೋರಿಸಿದರು. "ಕುಂದ್ರಿ ಮಾಸ್ತರ್ರ. ಬಾಲಗಾಂವಕ್ಕ ಹೋಗಿದ್ನಿ. ನಿಮ್ಮ ಅತ್ತಿಯಾರ ಫೋಟೊ ನೋಡಿದ್ನಿ. ಏನ ಫೋಟೊರಿ ಅದು, ಅಗದಿ ಜೀವ ಬಂದಂಗೈತಿ! ನನ್ನ ಮಗಳ ಮದಿವಿ ಐತಿ. ನಿಮ್ಮಿಂದ ಒಂದು ಉಪಕಾರ ಆಗಬೇಕು."

ನನ್ನ ಎದೆ ಎರಡು ಗೇಣು ಉಬ್ಬಿತು. "ಅಷ್ಟ್ಯಾಕ ಕೇಳ್ತೀರಿ ಸರ? ನನ್ನ ಕ್ಯಾಮೆರಾ ತಗೊಂಡು ಹಿಂದಿನ ದಿವಸ ಬರ್ತೀನಿ!"

"ಕ್ಯಾಮೆರಾ ಕೊಟ್ಟು ಕಳಸ್ರಿ, ಸಾಕು" ಎಂದರು ಶಂಕರೆಪ್ಪನವರು, ಪೆನ್ನು ತೆಗೆಯುತ್ತ. "ಆ ಕರಡಿ ನಂಬರ್ ಹೇಳ್ರಿ, ಬರ್ಕೋತೀನಿ."