ಹಗ್ಗದ ಕಡೆಯಾಳು ತೂಕ ಇಳಿಸಿದ್ದು

ತೂಕ ಇಳಿಸುವುದು ಬಹಳ ಸುಲಭದ ಕೆಲಸ ಎಂದು ನಾನು ನಂಬಿದ್ದೆ. ಅಲ್ಲಿಯವರೆಗೆ ಆ ಕೆಲಸಕ್ಕೆ ಕೈ ಹಾಕಿರಲಿಲ್ಲವಾದ್ದರಿಂದ ನನ್ನ ನಂಬಿಕೆಗೆ ಯಾವ ಧಕ್ಕೆಯೂ ಬಂದಿರಲಿಲ್ಲ.

ಕೊಪ್ಪದ ಒಂದು ಸಹಕಾರ ಸಂಘದಲ್ಲಿ ನಾನು ಗುಮಾಸ್ತ. ವರ್ಷಕ್ಕೊಮ್ಮೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿನ ಸಂಘಗಳ ನೌಕರರಿಗೆ ಕ್ರೀಡಾಕೂಟ ನಡೆಯುತ್ತದೆ. ಓಟ, ಗುಂಡೆಸೆತ, ಬಾಯಲ್ಲಿ ಚಮಚ ಕಚ್ಚಿಕೊಂಡು ನಿಂಬೆಹಣ್ಣು ಒಯ್ಯುವುದು ಎಲ್ಲವೂ ಇರುತ್ತದೆ. ಆದರೆ ಜನ ಕಾದು ಕೂರುವುದು ಹಗ್ಗಜಗ್ಗಾಟಕ್ಕೆ. ನಮ್ಮ ತಂಡದಲ್ಲಿ ಹಗ್ಗದ ತುದಿಯನ್ನು ಬೆನ್ನಿಗೆ ಹಾಯಿಸಿಕೊಂಡು ನೆಲಕ್ಕೆ ಹಿಮ್ಮಡಿ ಊರಿ ನಿಲ್ಲುವ ಕಡೆಯಾಳು ನಾನೇ. ಸಂಘಕ್ಕೆ ಸೇರಿದಾಗಿನಿಂದ ಆ ಸ್ಥಾನ ನನ್ನದು. ಅದಕ್ಕೆ ಬೇಕಾದ ಏಕೈಕ ಅರ್ಹತೆ ನನ್ನ ಹೊಟ್ಟೆಯ ರೂಪದಲ್ಲಿ ಸದಾ ನನ್ನ ಮುಂದೆಯೇ ಇತ್ತು!

ಈ ಸಲ ನಮ್ಮ ಸೆಕ್ರೆಟರಿ ಮಂಜಪ್ಪನವರು ಎಲ್ಲರನ್ನೂ ಗೋದಾಮಿಗೆ ಕರೆದರು.

"ಹೊಸಾ ರೂಲ್ಸ್ ಬಂದಿದೆ ಕಣ್ರಯ್ಯ. ಎಂಟೂ ಜನ ಸೇರಿ ಐನೂರ ಎಂಬತ್ತು ಕಿಲೋ ಮೀರಂಗಿಲ್ಲ. ಮೀರಿದ್ರೆ ಹಗ್ಗ ಮುಟ್ಟಕ್ಕೂ ಬಿಡಲ್ಲ. ಹತ್ತಿ ಎಲ್ಲಾ ತಕ್ಕಡಿ."

ಅಡಿಕೆ ಮೂಟೆ ತೂಗುವ ಯಂತ್ರದ ಮೇಲೆ ನಾವು ಎಂಟು ಜನ ಒಬ್ಬೊಬ್ಬರಾಗಿ ಹತ್ತಿ ಇಳಿದೆವು. ಲೆಕ್ಕ ಕೂಡಿಸಿದಾಗ ಹನ್ನೆರಡು ಕಿಲೋ ಹೆಚ್ಚು ಬಂತು. ಆರು ಜನ ತಿರುಗಿ ಇಬ್ಬರನ್ನು ನೋಡಿದರು, ಅಷ್ಟೇ. ಒಬ್ಬ ನಾನು. ಇನ್ನೊಬ್ಬ ನನ್ನ ಪಕ್ಕದ ಮೇಜಿನ ಸುಧಾಕರ. ನಾನು ಅವನಿಗಿಂತ ಒಂದೇ ಒಂದು ಕಿಲೋ ಹೆಚ್ಚಿದ್ದೆ. ಅದೂ ಅವತ್ತು ಬೆಲ್ಟು ಕಟ್ಟಿದ್ದೆನಲ್ಲ, ಅದರದ್ದು.

"ನೀವಿಬ್ರೂ ಆರಾರು ಕಿಲೋ ಇಳಿಸಿ" ಎಂದರು ಮಂಜಪ್ಪನವರು. "ಕ್ರೀಡಾಕೂಟಕ್ಕೆ ಇನ್ನೂ ಎರಡು ತಿಂಗಳಿದೆ. ಆಗ್ಲಿಲ್ಲ ಅಂದ್ರೆ ಹೆಚ್ಚು ಭಾರ ಇರೋನನ್ನ ಕೈಬಿಡ್ತೀನಿ. ಅವನ ಜಾಗಕ್ಕೆ ವಾಸುನ ನಿಲ್ಲಿಸ್ತೀನಿ."

ವಾಸು ನಮ್ಮ ಅಕೌಂಟೆಂಟ್. ಫ್ಯಾನು ಜೋರಾಗಿ ತಿರುಗಿದರೆ ಕುರ್ಚಿಯ ಕೈ ಹಿಡಿದುಕೊಳ್ಳುವಂಥ ಮನುಷ್ಯ. ಅವನು ನನ್ನ ಜಾಗದಲ್ಲಿ ನಿಲ್ಲುವುದನ್ನು ನೆನೆದು ನನಗೆ ನಗು ಬಂತು.

ಸಂಜೆ ಮನೆಗೆ ಹೋದ ಮೇಲೆ ನಗು ಹೋಯಿತು. ಏಳನೇ ಕ್ಲಾಸಿನಲ್ಲಿರುವ ನನ್ನ ಮಗಳು ಸ್ಫೂರ್ತಿ ಈ ಸಲ ಆಟ ನೋಡಲು ಬರುತ್ತೇನೆ ಎಂದು ಹಟ ಹಿಡಿದಿದ್ದಳು. ಅಪ್ಪನೇ ಕಡೆಯಾಳು, ಅಪ್ಪನನ್ನು ಅಲ್ಲಾಡಿಸಲು ಯಾರಿಂದಲೂ ಆಗುವುದಿಲ್ಲ ಎಂದು ಇಡೀ ಕ್ಲಾಸಿಗೆ ಹೇಳಿ ಬಂದಿದ್ದಳು. ಗೆಳತಿಯೊಬ್ಬಳನ್ನು ಕರೆದುಕೊಂಡು ಬರುವುದೂ ನಿಶ್ಚಯವಾಗಿತ್ತು. ಪ್ರಪಂಚದಲ್ಲಿ ನನ್ನ ಬಗ್ಗೆ ಇಷ್ಟು ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡಿರುವ ಬೇರೆ ಜೀವ ಇಲ್ಲ. ಅವಳ ಎದುರಿಗೆ ನಾನು ಹಗ್ಗದ ಹೊರಗೆ ನಿಲ್ಲುವುದೇ? ಸಾಧ್ಯವೇ ಇಲ್ಲ! ಆರು ಕಿಲೋ ಏನು, ಬೇಕಾದರೆ ಏಳು ಇಳಿಸುತ್ತೇನೆ ಎಂದು ತೀರ್ಮಾನಿಸಿ, ಆ ಸಂತೋಷಕ್ಕೆ ಎರಡು ಚಪಾತಿ ಹೆಚ್ಚು ತಿಂದೆ.

ಮಾರನೇ ದಿನ ಆಫೀಸಿನಲ್ಲಿ ಸಿದ್ಧಾಂತದ ಪ್ರಶ್ನೆ ಎದ್ದಿತು.

"ನಾನು ದಿನಾ ಆಫೀಸಿಗೆ ನಡ್ಕೊಂಡು ಬರ್ತೀನಿ" ಎಂದೆ. "ಕಾರ್ಡಿಯೋ."

ಸುಧಾಕರ ಕನ್ನಡಕದ ಮೇಲಿಂದ ನೋಡಿದ. "ಎಂತ ಕಾರ್ಡಿಯೋ ಮಾರಾಯ! ನಡೆದ್ರೆ ಚಪ್ಪಲಿ ಸವೀತದೆ, ಹೊಟ್ಟೆ ಅಲ್ಲ. ಭಾರ ಎತ್ಬೇಕು. ಮಸಲ್ ಬಂದ್ರೆ, ನಾವು ಮಲಗಿದ್ರೂ ಅದು ಕೊಬ್ಬು ತಿಂತಿರ್ತದೆ. ಮೊಬೈಲಲ್ಲಿ ವಿಡಿಯೋ ನೋಡು ಬೇಕಾದ್ರೆ."

"ಮಲಗಿದ್ರೆ ಕರಗೋದಾಗಿದ್ರೆ ನೀನು ಇಷ್ಟೊತ್ತಿಗೆ ಮಾಯ ಆಗ್ಬೇಕಿತ್ತು."

"ನೀನು ಭಾರ ಎತ್ತಿದ್ದು ಯಾವಾಗ ಮಾರಾಯ? ಊಟದ ಡಬ್ಬಿ ಬಿಟ್ರೆ?"

ಚರ್ಚೆ ಏರುತ್ತಾ ಹೋಯಿತು. ಬೆವರು ಎಂದರೆ ಕರಗಿದ ಕೊಬ್ಬೇ ಎಂದು ನಾನು ವೈಜ್ಞಾನಿಕವಾಗಿ ಪ್ರತಿಪಾದಿಸಿದೆ. ಹಾಗಾದರೆ ಮೆಣಸಿನಕಾಯಿ ತಿಂದರೂ ಸಣ್ಣಗಾಗಬೇಕಲ್ಲ ಎಂದು ಅವನು ಖಂಡಿಸಿದ. ಕೌಂಟರಿನ ಆಚೆ ಗೊಬ್ಬರಕ್ಕೆ ಬಂದು ನಿಂತಿದ್ದ ರೈತರು ಎರಡು ಪಕ್ಷವಾದರು. ಕೊನೆಗೆ ಮುತ್ತಿನಕೊಪ್ಪ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ಕೈ ಮುಗಿದರು.

"ಒಂದು ಮೂಟೆ ಗೊಬ್ಬರ ಕೊಟ್ಬಿಡಿ ಮಾರಾಯ್ರೆ, ನಂಗೆ ಬಸ್ಸಿದೆ. ಆಮೇಲೆ ಇಬ್ರೂ ನಿಧಾನಕ್ಕೆ ಕರಗಿ."

ಸೋಮವಾರ ನನ್ನ ನಡಿಗೆ ಆರಂಭವಾಯಿತು. ನಮ್ಮ ಮನೆ ಬಸರೀಕಟ್ಟೆ ರಸ್ತೆಯಲ್ಲಿದೆ. ಪೇಟೆಗೆ ಒಂದು ಗಂಟೆಯ ದಾರಿ. ಬಿಳಿ ಬೂಟು ಹಾಕಿ, ಕೈ ಬೀಸುತ್ತಾ ಹೊರಟೆ. ಹೆಂಡತಿ ವಾಣಿ ಬಾಗಿಲಲ್ಲಿ ನಿಂತು ಬೀಳ್ಕೊಟ್ಟಳು. ಮೊದಲ ತಿರುವಿನಲ್ಲೇ ಎಸ್ಟೇಟಿನ ಜೀಪೊಂದು ಕಿರ್ರನೆ ನಿಂತಿತು.

"ಹತ್ತಿ ಹತ್ತಿ! ಬೈಕ್ ಎಂತ ಆಯ್ತು?"

"ಏನೂ ಆಗಿಲ್ಲ. ನಡೀತಿದೀನಿ."

"ಅಯ್ಯೋ, ನಾವು ಇದ್ದೂ ನೀವು ನಡೆಯೋದಾ? ಹತ್ತಿ ಮಾರಾಯ್ರೆ."

ನಮ್ಮ ಕಡೆ ರಸ್ತೆಯಲ್ಲಿ ನಡೆಯುವವನನ್ನು ಬಿಟ್ಟು ಮುಂದೆ ಹೋಗುವ ಪದ್ಧತಿ ಇಲ್ಲ. ಹತ್ತಿಸಿಕೊಳ್ಳದಿದ್ದರೆ ಗಾಡಿಯವನಿಗೆ ಅವಮಾನ, ಹತ್ತದಿದ್ದರೆ ನಡೆಯುವವನಿಗೆ ಸೊಕ್ಕು. ನಾನು ಗಟ್ಟಿ ಮನಸ್ಸು ಮಾಡಿ ಬೇಡವೆಂದೆ. ಜೀಪು ಹೋಯಿತು. ಹಿಂದೆಯೇ ಒಂದು ಬೈಕು ಬಂತು, ಆಮೇಲೆ ಹಾಲಿನ ವ್ಯಾನು, ಆಮೇಲೆ ಒಂದು ಟ್ರ್ಯಾಕ್ಟರ್. ಎಲ್ಲರಿಗೂ ಬೇಡವೆಂದೆ. ಅದರ ಫಲ ಸಂಜೆಯೊಳಗೆ ಸಿಕ್ಕಿತು. ನಾನು ಬೈಕು ಮಾರಿದೆನೆಂದು ಮೊದಲು ಸುದ್ದಿಯಾಯಿತು. ಬುಧವಾರದ ಹೊತ್ತಿಗೆ ವಾಣಿ ನನ್ನನ್ನು ಮನೆಯಿಂದ ಹೊರಗೆ ಹಾಕಿದ್ದಳು. ಗುರುವಾರ ಮಾವನವರ ಫೋನು ಬಂತು.

"ಅಳಿಯಂದಿರೇ, ಏನೇ ಇದ್ರೂ ಕೂತು ಮಾತಾಡಣ. ಹೀಗೆ ಬೆಳಬೆಳಗ್ಗೆ ಮನೆ ಬಿಟ್ಟು ಹೋಗೋದು ಬ್ಯಾಡ."

ವಾಣಿ ಕೆಂಡವಾದಳು. "ನಂ ಮಾನ ಹೋಯ್ತು ರೀ! ನಡೀಲೇಬೇಕು ಅಂದ್ರೆ ಯಾರಿಗೂ ಕಾಣದಂಗೆ ನಡೀರಿ."

ಹಾಗಾಗಿ ನಾನು ರಸ್ತೆ ಬಿಟ್ಟು ಒಳದಾರಿ ಹಿಡಿದೆ. ಒಳದಾರಿಯಲ್ಲಿ ಗಾಡಿಗಳಿಲ್ಲ. ಮನೆಗಳಿವೆ! ಒಂದೊಂದು ಮನೆಯ ಅಂಗಳವನ್ನೂ ಹಾದೇ ಹೋಗಬೇಕು. ಮೊದಲ ಮನೆಯ ಶಾರದಕ್ಕ ಒಗೆಯುವುದನ್ನು ನಿಲ್ಲಿಸಿ ಕೂಗಿದರು.

"ಅಂಗಳಕ್ಕೆ ಬಂದೋರು ಹಾಗೇ ಹೋಗೋದಾ? ಬನ್ನಿ, ಒಂದು ಲೋಟ ಕಾಫಿ."

"ಬೇಡ ಶಾರದಕ್ಕ, ತೂಕ ಇಳಿಸ್ತಿದೀನಿ."

"ಅದ್ಕೇ ಮುಖ ಇಷ್ಟು ಸೊರಗಿದೆ! ಎರಡು ಕಡುಬು ತಿನ್ನಿ ಮೊದ್ಲು."

ಸೊರಗಿದೆ ಎಂಬ ಮಾತು ಕೇಳಿ ನನಗೆ ಎಷ್ಟು ಆನಂದವಾಯಿತೆಂದರೆ ಎರಡರ ಬದಲು ಮೂರು ತಿಂದೆ. ಎರಡನೇ ಮನೆಯಲ್ಲಿ ನೀರುದೋಸೆ. ಶಾರದಕ್ಕನ ಮನೆಯಲ್ಲಿ ತಿಂದವರು ನಮ್ಮ ಮನೆಯಲ್ಲಿ ತಿನ್ನುವುದಿಲ್ಲವೋ ಎಂಬ ಪ್ರಶ್ನೆ ಬಂದ ಮೇಲೆ ಯಾವ ಮನುಷ್ಯ ತಾನೇ ಬೇಡವೆನ್ನಲು ಸಾಧ್ಯ? ಮೂರನೇ ಮನೆಯ ಅಜ್ಜಿ ಹಪ್ಪಳ ಕರಿದೇ ಕಾಯುತ್ತಿದ್ದರು. ನಡೆದದ್ದಕ್ಕೆ ಹಸಿವೂ ಚೆನ್ನಾಗಿ ಆಗುತ್ತಿತ್ತು, ಅದನ್ನು ಒಪ್ಪಿಕೊಳ್ಳಬೇಕು. ನಾನು ಒಂದು ದಿನವೂ ತಪ್ಪಿಸದೆ ನಡೆದೆ. ಆ ಶಿಸ್ತನ್ನು ನೋಡಿ ನನಗೇ ನನ್ನ ಮೇಲೆ ಗೌರವ ಹುಟ್ಟಿತು.

ಅತ್ತ ಸುಧಾಕರ ಗೋದಾಮಿನಲ್ಲಿ ಗೊಬ್ಬರದ ಮೂಟೆ ಎತ್ತತೊಡಗಿದ. ಹಮಾಲರಿಗೆ ಬಹಳ ಖುಷಿಯಾಯಿತು. ಅವರು ಬೀಡಿ ಹಚ್ಚಿ ಸಾಲಾಗಿ ಕೂತು, "ಇನ್ನೊಂದು ಲೋಡಿದೆ ಸಾರ್, ಬಿಡ್ಬೇಡಿ" ಎಂದು ಹುರಿದುಂಬಿಸಿದರು. ಮೊದಲ ವಾರ ಅವನಿಗೆ ಕೈ ಮೇಲೆತ್ತಲು ಆಗದೆ, ರಶೀದಿಗೆ ನಾನೇ ಸೀಲು ಒತ್ತಿ ಕೊಡಬೇಕಾಯಿತು. ಜೊತೆಗೆ ಪ್ರೋಟೀನು. ಮಧ್ಯಾಹ್ನ ಅವನ ಡಬ್ಬಿ ತೆರೆದರೆ ಬೇಯಿಸಿದ ಮೊಟ್ಟೆಗಳ ಒಂದು ಗೂಡೇ ಇರುತ್ತಿತ್ತು.

"ನಿಂದು ಎಷ್ಟು ಇಳೀತು?" ಎಂದು ಕೇಳುತ್ತಿದ್ದ.

"ಒಟ್ಟಿಗೇ ನೋಡಣ. ನಿಂದು?"

"ನಂದೂ ಒಟ್ಟಿಗೇ."

ಇಬ್ಬರಿಗೂ ತಕ್ಕಡಿ ಹತ್ತುವ ಧೈರ್ಯವಿರಲಿಲ್ಲ ಎಂಬುದನ್ನು ಈಗ ಹೇಳಬಹುದು. ಅಷ್ಟರಲ್ಲಿ ನನ್ನ ಪ್ಯಾಂಟುಗಳೆಲ್ಲ ಬಿಗಿಯಾಗತೊಡಗಿದ್ದವು. ಬಟ್ಟೆ ಕುಗ್ಗಿಸುವ ಈ ಸೋಪನ್ನು ಬದಲಾಯಿಸು ಎಂದು ವಾಣಿಗೆ ಹೇಳಿದೆ. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಸೋಪಿಂದೇ ಇರ್ಬೇಕು" ಎಂದಳು. ಹದಿನೈದು ವರ್ಷದ ಸಂಸಾರದಲ್ಲಿ ಅವಳು ಇಷ್ಟು ಬೇಗ ಒಪ್ಪಿದ್ದು ಅದೇ ಮೊದಲು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಕ್ರೀಡಾಕೂಟ ನರಸಿಂಹರಾಜಪುರದಲ್ಲಿ. ಭಾನುವಾರ ಬೆಳಿಗ್ಗೆ ನಾವೆಲ್ಲ ಒಂದೇ ವ್ಯಾನಿನಲ್ಲಿ ಹೋದೆವು. ಮೈದಾನದ ಮಧ್ಯದಲ್ಲಿ ತೂಕದ ಯಂತ್ರ ಇಟ್ಟಿದ್ದರು. ಪಕ್ಕದಲ್ಲಿ ಮೈಕು. ಈ ಎರಡು ವಸ್ತುಗಳನ್ನು ಅಕ್ಕಪಕ್ಕ ಇಡಬಾರದೆಂದು ಸರ್ಕಾರ ಕಾನೂನು ಮಾಡಬೇಕು! ಸ್ಫೂರ್ತಿ ತನ್ನ ಗೆಳತಿಯ ಕೈ ಹಿಡಿದುಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದಳು. ನಾನು ಬೆಲ್ಟು ಬಿಚ್ಚಿದೆ. ಅದನ್ನೂ ವಾಚು, ಮೊಬೈಲು, ಬೀಗದ ಕೈಯನ್ನೂ ವಾಸುವಿಗೆ ಕೊಟ್ಟೆ. ಬೂಟು ಕಳಚಿದೆ. ಮಂಜಪ್ಪನವರು ಇನ್ನು ಸಾಕು ಎಂದು ತಡೆಯದಿದ್ದರೆ ಅಂಗಿಗೂ ಕೈ ಹಾಕುವವನಿದ್ದೆ. ಉಸಿರು ಪೂರ್ತಿ ಹೊರಗೆ ಬಿಟ್ಟು ಯಂತ್ರ ಹತ್ತಿದೆ.

"ಕೊಪ್ಪ ತಂಡದ ಕಡೆಯಾಳು," ಎಂದು ಮೈಕಿನವರು ನನ್ನ ತೂಕವನ್ನು ಮೂರು ತಾಲ್ಲೂಕಿಗೂ ಕೇಳುವಂತೆ ಘೋಷಿಸಿದರು.

ಮೂರು ಕಿಲೋ ಏರಿದ್ದೆ.

ಸುಧಾಕರ ನಗುವುದಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ಅವನ ಸರದಿ ಬಂತು. ಅವನು ಎರಡು ಕಿಲೋ ಏರಿದ್ದ!

"ಇದು ಮಸಲ್" ಎಂದ ಅವನು, ಮೈಕಿನ ಕಡೆ ತಿರುಗಿ.

ಮಂಜಪ್ಪನವರು ತಲೆಯ ಮೇಲೆ ಕೈ ಹೊತ್ತರು. "ಇಳಿಸಿ ಅಂದ್ರೆ ಇಬ್ರೂ ಬೆಳೆದು ಬಂದೀರಲ್ರಯ್ಯ!" ಆಮೇಲೆ ನನ್ನ ಮುಖ ನೋಡದೆ ಹೇಳಿದರು. "ನೀವು ಹೊರಗೆ ಇರಿ. ಸುಧಾಕರ ಕಡೆಗೆ ನಿಲ್ಲಲಿ. ವಾಸು, ಆ ಚಪ್ಪಲಿ ಬಿಡು, ಬಾ."

ವಾಸು ನನ್ನ ವಾಚು, ಮೊಬೈಲು, ಬೀಗದ ಕೈ, ಬೆಲ್ಟುಗಳನ್ನು ನನಗೇ ಕೊಟ್ಟು ಹಗ್ಗದ ಕಡೆ ಹೋದ. ನಾನು ಮಗಳ ಕಡೆ ನೋಡಲಿಲ್ಲ. ನೋಡಲು ಆಗಲಿಲ್ಲ. ಒಂದು ಕೈಯಲ್ಲಿ ಬೂಟು, ಇನ್ನೊಂದು ಕೈಯಲ್ಲಿ ಬೆಲ್ಟು ಹಿಡಿದುಕೊಂಡು ಗೆರೆಯ ಆಚೆ ನಿಂತೆ.

ಮೊದಲ ಆಟ ನರಸಿಂಹರಾಜಪುರದವರ ಮೇಲೆ. ಸೀಟಿ ಬಿತ್ತು. ನಮ್ಮವರು ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಎಳೆಯತೊಡಗಿದರು. ಹಗ್ಗ ಆಚೆ ಜಾರಿತು. ವಾಸು ಹಗ್ಗ ಎಳೆಯುತ್ತಿದ್ದಾನೋ, ಹಗ್ಗವೇ ಅವನನ್ನು ಒಯ್ಯುತ್ತಿದೆಯೋ ತಿಳಿಯುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಗೆರೆಯ ಪಕ್ಕಕ್ಕೆ ಓಡಿ ಕೂಗಿದೆ.

"ಹಿಡೀರಿ! ಹಾಗೇ ಹಿಡೀರಿ! ಈಗ... ಐಸಾ! ಐಸಾ!"

ಅದು ನನ್ನದೇ ದನಿಯೇ ಎಂದು ನನಗೇ ಆಶ್ಚರ್ಯವಾಯಿತು. ಹೋದ ವರ್ಷ ಮಹಡಿ ಹತ್ತಿದರೆ ಮಾತು ಹೊರಡುತ್ತಿರಲಿಲ್ಲ. ಈಗ ಗೆರೆಯುದ್ದಕ್ಕೂ ಅತ್ತಿತ್ತ ಓಡುತ್ತಾ ಕೂಗುತ್ತಿದ್ದೇನೆ, ಉಸಿರು ಮುಗಿಯುತ್ತಲೇ ಇಲ್ಲ! ಎಂಟು ಜನ ನನ್ನ ಕೂಗಿಗೆ ಸರಿಯಾಗಿ ಒಟ್ಟಿಗೆ ವಾಲಿದರು. ಕಡೆಯಲ್ಲಿ ಸುಧಾಕರ ನೆಟ್ಟ ಕಂಬದಂತೆ ನಿಂತಿದ್ದ. ಗೊಬ್ಬರದ ಮೂಟೆ ಎತ್ತಿದ ಆ ತೋಳು, ಆ ಬೆನ್ನು ಒಂದು ಇಂಚೂ ಬಿಟ್ಟುಕೊಡಲಿಲ್ಲ. ಹಗ್ಗ ಈಚೆಗೆ ಬಂತು. ಆಮೇಲೆ ಶೃಂಗೇರಿಯವರು. ಪ್ರತಿ ವರ್ಷ ಗೆಲ್ಲುವವರು ಅವರೇ. ಅವರೂ ಈಚೆಗೆ ಬಂದರು!

ಕೊಪ್ಪ ಗೆದ್ದಿತು. ನಾನು ಸಂಘಕ್ಕೆ ಸೇರಿದ ಮೇಲೆ ಮೊದಲ ಸಲ.

ಸುಧಾಕರ ಹಗ್ಗ ಬಿಟ್ಟು ನೇರ ನನ್ನ ಹತ್ತಿರ ಬಂದ. ಅಂಗೈ ಸುಲಿದಿತ್ತು. "ಉಸಿರು ಅಂದ್ರೆ ಉಸಿರು ಮಾರಾಯ ನಿಂದು. ನಂಗೆ ನಾಲ್ಕು ಹೆಜ್ಜೆ ಓಡಿದ್ರೆ ಏದುಸಿರು. ನಾಳೆಯಿಂದ ನಾನೂ ನಿನ್ನ ಜೊತೆ ನಡೀತೀನಿ."

"ನಾನು ಮೂಟೆ ಎತ್ತಕ್ಕೆ ಬರ್ತೀನಿ" ಎಂದೆ. ಮನಸ್ಸು ಹಗುರಾಗಿತ್ತು. ದೇಹದ ವಿಷಯ ಬೇರೆ.

ಬಹುಮಾನ ಒಂದು ಬಾಳೆಗೊನೆ. ಅದನ್ನು ವ್ಯಾನಿನಲ್ಲಿ ನನ್ನ ಕಾಲ ಹತ್ತಿರವೇ ಇಟ್ಟರು. ಸ್ಫೂರ್ತಿ ಬಂದು ನನ್ನ ಪಕ್ಕ ಒತ್ತರಿಸಿಕೊಂಡು ಕೂತಳು. ಅವಳು ಏನು ಹೇಳುತ್ತಾಳೋ ಎಂದು ಕಾಯಲು ನನ್ನಿಂದಾಗಲಿಲ್ಲ. ಬೇಜಾರಾಯಿತೇ ಎಂದು ಕೇಳಿದೆ.

"ಇಲ್ಲಪ್ಪ! ಎಲ್ರಿಗಿಂತ ಜೋರು ನಿನ್ನ ದನಿನೇ. ನನ್ ಫ್ರೆಂಡು ಕಿವಿ ಮುಚ್ಕೊಂಡ್ಳು." ಅವಳ ಮುಖ ಅರಳಿತ್ತು. ನನ್ನ ಕಣ್ಣು ಒದ್ದೆಯಾಯಿತು. ಅವಳು ನನ್ನ ತೋಳು ಹಿಡಿದು ಬಹಳ ಪ್ರೀತಿಯಿಂದ ಮುಂದುವರಿಸಿದಳು. "ಆದ್ರೆ ಅಪ್ಪ, ಮುಂದಿನ ವರ್ಷನೂ ತೂಕ ಇಳಿಸ್ಬೇಡ. ನೀನು ಹಗ್ಗ ಹಿಡೀದೇ ಇದ್ರೆ ನಾವು ಗೆಲ್ತೀವಿ!"

ಇಡೀ ವ್ಯಾನು ನಕ್ಕಿತು. ಮಗಳ ಮಾತು ಮೀರುವ ತಂದೆ ನಾನಲ್ಲ. ಬಗ್ಗಿ ಗೊನೆಯಿಂದ ಒಂದು ಹಣ್ಣು ಕಿತ್ತು ಸಿಪ್ಪೆ ಸುಲಿದೆ.