ಪರಮಾನಂದನ ಪಾಲಿನ ಇಟ್ಟಂಗಿ

ಇಟ್ಟಂಗಿ ತಾ ಅಂತ ಹೆಂಡತಿ ದುಡ್ಡು ಕೊಟ್ಟರೆ ಯಾರಾದರೂ ಇಟ್ಟಂಗಿಯನ್ನೇ ತರುತ್ತಾರೆ. ಪರಮಾನಂದ ಮಾತ್ರ ಇಟ್ಟಂಗಿ ಕಂಪನಿಯ ಶೇರು ತಗೊಂಡ. ಅವನ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಪರಮಾನಂದ ಮುದ್ದೇಬಿಹಾಳದ ಮಾರ್ಕೆಟ್ ಯಾರ್ಡಿನಲ್ಲಿ ರೈತರ ಮಾಲು ಮಾರಿಕೊಡುವ ಒಂದು ಅಡತಿ ಅಂಗಡಿಯ ಗುಮಾಸ್ತ. ಮಂದಿಯ ತೊಗರಿ, ಕಡಲೆಯ ಧಾರಣಿ ಏರುವುದು ಇಳಿಯುವುದು ನೋಡಿ ನೋಡಿ, ಧಾರಣಿಯ ವಾಸನೆ ತನಗೂ ಹತ್ತುತ್ತದೆ ಎಂಬ ಭ್ರಮೆ ಅವನಿಗಿತ್ತು, ಪಾಪ. ಅದಕ್ಕೆ ಗಾಳಿ ಹಾಕಿದವನು ಪಕ್ಕದ ಅಂಗಡಿಯ ಸಿಂದಗಿ ಹುಡುಗ ಅನಿಲಕುಮಾರ. "ಕಾಕಾ, ಡೋಣಿಸಿರಿ ಬ್ರಿಕ್ಸ್ ಅಂತ ನಮ್ಮ ನಾಲತವಾಡದ ಕಡೆ ಕಂಪನಿ. ಸಣ್ಣದೈತಿ, ಶೇರ ಬಜಾರಕ್ಕ ಹೊಸದಾಗಿ ಬಂದೈತಿ. ತಿಂಗಳದಾಗ ಡಬಲ್ ನೋಡ್ರಿ" ಎಂದು ಫೋನಿನಲ್ಲಿ ಖಾತೆ ತೆರೆದುಕೊಟ್ಟ.

ಆ ದುಡ್ಡು ಎಂಥದ್ದು ಗೊತ್ತೇನು? ರೇವವ್ವ ಎಮ್ಮೆ ಹಾಲು ಮಾರಿ ವರ್ಷಗಟ್ಟಲೆ ಕೂಡಿಟ್ಟದ್ದು. ಇಂಡಿಗೆ ಕೊಟ್ಟ ಒಬ್ಬಳೇ ಮಗಳು ಸಾಕ್ಷಿ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಇವರ ಮನೆಯ ಬಚ್ಚಲೋ, ಮೂರು ಕಡೆ ತಗಡು, ಒಂದು ಕಡೆ ಹಳೆಯ ಸೀರೆ. ಗಾಳಿ ಬಿಟ್ಟರೆ ಸೀರೆ ಒಂದು ದಿಕ್ಕಿಗೆ, ಒಳಗಿದ್ದವರ ಮರ್ಯಾದೆ ಇನ್ನೊಂದು ದಿಕ್ಕಿಗೆ. "ಬಾಣಂತಿಗೆ ಇಲ್ಲಿ ನೀರ ಹಾಕಿದ್ರ ತಾಯಿ ಮಗು ಇಬ್ರೂ ಥಂಡಿ ಹಿಡಿದು ಮಲಗ್ತಾರ. ಆಕಿ ಬರೂದ್ರಾಗ ನಾಕ ಗ್ವಾಡಿ ಏಳಬೇಕು ನೋಡ್ರಿ" ಎಂದು ರೇವವ್ವ ಗಂಡನ ಕೈಗೆ ದುಡ್ಡು ಇಟ್ಟಿದ್ದಳು. ಡಬಲ್ ಆದರೆ ಗೋಡೆಯ ಜೊತೆ ಮೇಲೊಂದು ಸ್ಲ್ಯಾಬೂ ಆಗುತ್ತದಲ್ಲ ಎಂದು ಪರಮಾನಂದ ಲೆಕ್ಕ ಹಾಕಿದ. ಅವನು ಕೊಂಡ ಮರುದಿನದಿಂದಲೇ ಶೇರು ಇಳಿಯತೊಡಗಿ ಅರ್ಧಕ್ಕೆ ಬಂತು. ಮಾರೋಣವೆಂದರೆ ಕೊಳ್ಳುವ ನರಪಿಳ್ಳೆ ಇಲ್ಲ.

ಅವತ್ತು ಅಮಾವಾಸ್ಯೆ, ಯಾರ್ಡಿಗೆ ರಜೆ. ಪರಮಾನಂದ ಜಗಲಿಯ ಮೇಲೆ ಕೂತು ಫೋನಿನಲ್ಲಿ ತನ್ನ ಶೇರಿನ ಮುಖ ನೋಡುತ್ತಿದ್ದಾಗ ಗೌಂಡಿ ಅಬ್ದುಲಗನಿ ಗಾಡಿ ನಿಲ್ಲಿಸಿದ.

"ಅಮಾಸಿ ದಿನ ಕೆಲಸ ಹಿಡಿಯಂಗಿಲ್ರಿ ಪರಮಾನಂದಣ್ಣಾರ. ನಾಳಿ ಮುಂಜಾನೆ ಬುನಾದಿ ತೋಡ್ತೇನಿ. ಇಟ್ಟಂಗಿ ಎಲ್ಲಿ ಇಳಿಸೀರಿ ಅಂತ ನೋಡಾಕ ಬಂದೆ."

ರೇವವ್ವ ಸಗಣಿ ಕೈಯಲ್ಲೇ ಕೊಟ್ಟಿಗೆಯಿಂದ ಹೊರಗೆ ಬಂದಳು. "ನಾನೂ ಅದನ್ನ ಕೇಳಾಕತ್ತೇನಿ ಅಬ್ದುಲಣ್ಣಾ. ದಿನಾ ನಾಳಿ ಬರ್ತಾವ, ನಾಳಿ ಬರ್ತಾವ ಅಂತಾರ. ಎಲ್ಲದಾವ್ರಿ ಇಟ್ಟಂಗಿ?"

ಪರಮಾನಂದ ಗಂಟಲು ಸರಿಮಾಡಿಕೊಂಡ. "ಇಟ್ಟಂಗಿಕಿಂತ ದೊಡ್ಡದು ತಗೊಂಡೇನಿ."

"ದೊಡ್ಡದಂದ್ರ ಸಿಮೆಂಟ್ ಬ್ಲಾಕ್ ಏನ್ರಿ?" ಅಬ್ದುಲಗನಿ ಕಸುಬಿನ ಕುತೂಹಲದಿಂದ ಕೇಳಿದ.

"ಬ್ಲಾಕ್ ಅಲ್ಲೋ ಮಾರಾಯಾ. ಇಟ್ಟಂಗಿ ಮಾಡೂ ಕಂಪನಿ! ಅದರಾಗ ಪಾಲು ತಗೊಂಡೇನಿ. ನಾ ಈಗ ಅದರ ಮಾಲಕರೊಳಗ ಒಬ್ಬ."

ಹೇಳಿದವನು ಕಸಬರಿಗೆ ಎಲ್ಲಿದೆ ಎಂದು ಓರೆಗಣ್ಣಿನಲ್ಲಿ ನೋಡಿಕೊಂಡ. ಆದರೆ ರೇವವ್ವ ಕಸಬರಿಗೆಗೆ ಕೈ ಹಾಕಲಿಲ್ಲ, ವಿಚಾರ ಮಾಡತೊಡಗಿದಳು. ಅವಳ ತವರಿನವರು ಹೊಲವನ್ನು ಪಾಲಿಗೆ ಹಾಕುವವರು. ರಾಶಿಯಾದ ದಿನ ಕಣಕ್ಕೆ ಹೋಗಿ ನಿಂತು, ಅರ್ಧ ಜೋಳ ಅಳೆಸಿಕೊಂಡು ಮನೆಗೆ ತರುವುದನ್ನು ಅವಳು ಹುಟ್ಟಿದಾಗಿನಿಂದ ಕಂಡಿದ್ದಳು.

"ಅಂದ್ರ ನಮ್ಮ ಪಾಲಿನ ಇಟ್ಟಂಗಿ ಅಲ್ಲೇ ಬಿದ್ದಾವೇನು?" ಎಂದಳು. "ಎಂಥಾ ಮನಿಶ್ಯಾರ್ರಿ ನೀವು! ಪಾಲಿಗೆ ಹಾಕಿದಾವ ಕಣಕ್ಕ ಹೋಗದ ಮನ್ಯಾಗ ಕುಂತ್ರ ಯಾರರ ತಂದು ಕೊಡ್ತಾರೇನು? ಏಳ್ರಿ, ಇವತ್ತ ಹೋಗಿ ಹೇರ್ಕೊಂಡು ಬರೂಣು."

ಇಲ್ಲೇ ನಿಜ ಹೇಳಿಬಿಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ನಿಜ ಹೇಳಲು ಹೋದರೆ ದುಡ್ಡು ಅರ್ಧವಾದದ್ದೂ ಹೇಳಬೇಕಾಗುತ್ತದೆ. "ಹಂಗೂ ಅನ್ನಬಹುದು" ಎಂದು ಪರಮಾನಂದ ಮೆಲ್ಲಗೆ ಗೊಣಗಿದ.

ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದ ಜೋಹರಾಬಿಗೆ ಅಷ್ಟು ಸಾಕಾಯಿತು. "ಯಾ ಅಲ್ಲಾ! ರೇವಕ್ಕಾ, ನಿಮ್ಮವ್ರು ಇಟ್ಟಂಗಿ ಫ್ಯಾಕ್ಟರಿ ತಗೊಂಡಾರಂತ, ಒಂದ ಮಾತ ಹೇಳಲಿಲ್ಲಲ್ಲ! ನಂದೊಂದು ಕೋಳಿ ಗೂಡ ಬಿದ್ದೈತಿ ನೋಡು, ನಾಕ ಇಟ್ಟಂಗಿ ನನಗೂ ಹಾಕ್ಕೊಂಡ ಬಾ. ಬ್ಯಾಡ, ನಾನೂ ಬರ್ತೇನಿ." ಅವಳ ದನಿ ಓಣಿಯ ಕೊನೆಯವರೆಗೂ ಸಲೀಸಾಗಿ ಹೋಗುವಂಥದ್ದು. ಅದು ಮುಟ್ಟಿದ ಐದೇ ನಿಮಿಷಕ್ಕೆ ಟ್ರ್ಯಾಕ್ಟರಿನ ಸಿದ್ದಾರೂಢ ಟ್ರೇಲರ್ ಸಮೇತ ಬಾಗಿಲಿಗೆ ಬಂದ.

"ಮಾಲಕರ ಕಡೆ ಬಾಡಿಗಿ ಕೇಳೂದು ಚಂದ ಕಾಣಂಗಿಲ್ಲ ಕಾಕಾ" ಎಂದ ಸಿದ್ದಾರೂಢ ದೊಡ್ಡ ಮನಸ್ಸು ಮಾಡಿ. "ನಮ್ಮ ಮನಿ ಕಟ್ಟಿಗೆ ಹತ್ತೂವಷ್ಟು ಇಟ್ಟಂಗಿ ಕೊಟ್ಟಬಿಡ್ರಿ, ಸಾಕು."

ಹೀಗೆ ಮಾಲಕರ ಸವಾರಿ ಹೊರಟಿತು. ಪರಮಾನಂದ ಟ್ರ್ಯಾಕ್ಟರಿನ ಮಡಗಾರ್ಡಿನ ಮೇಲೆ, ಹಿಂದಿನ ಟ್ರೇಲರಿನಲ್ಲಿ ರೇವವ್ವ, ಜೋಹರಾಬಿ ಮತ್ತು ಒಳ್ಳೆಯ ಇಟ್ಟಂಗಿ ಆರಿಸಿಕೊಡಲು ಅಬ್ದುಲಗನಿ. ನಾಲತವಾಡದ ರಸ್ತೆಯ ತಗ್ಗಿಗೊಮ್ಮೆ ಪರಮಾನಂದನ ಎದೆ ಧಸಕ್ ಎನ್ನುತ್ತಿತ್ತು. ದಾರಿಯಲ್ಲಿ ಟ್ರ್ಯಾಕ್ಟರ್ ಕೆಟ್ಟು ನಿಲ್ಲಲಿ ಎಂದು ಕಂಡ ಕಂಡ ಗುಡಿಗೆಲ್ಲ ಕೈ ಮುಗಿದ. ಹಾಳಾದ ಟ್ರ್ಯಾಕ್ಟರ್ ಅವತ್ತು ಒಮ್ಮೆಯೂ ಕೆಮ್ಮಲಿಲ್ಲ.

ಕಾರ್ಖಾನೆಯಲ್ಲಿ ಅಮಾವಾಸ್ಯೆಯ ಪೂಜೆ ನಡೆದಿತ್ತು. ಯಂತ್ರಗಳಿಗೆ ವಿಭೂತಿ, ಮಾಲೆ, ನಿಂಬೆಹಣ್ಣು. ಕೆಲಸಗಾರರು ಸ್ನಾನ ಮಾಡಿ ಸುತ್ತ ನಿಂತಿದ್ದರು. ಟ್ರ್ಯಾಕ್ಟರ್ ಒಳಗೆ ಬಂದದ್ದು ಕಂಡು ಮ್ಯಾನೇಜರ್ ಜುಲ್ಫಿಕರ ಗಿರಾಕಿ ಎಂದುಕೊಂಡು ಓಡಿ ಬಂದ. ಪರಮಾನಂದ ಬಾಯಿ ತೆರೆಯುವ ಮೊದಲೇ ರೇವವ್ವ ಟ್ರೇಲರಿನ ಮೇಲಿಂದಲೇ ಸಾರಿದಳು. "ನಾವು ಗಿರಾಕಿ ಅಲ್ರಿ. ಮಾಲಕರು! ನಮ್ಮ ಪಾಲು ತಗೊಂಡ ಹೋಗಾಕ ಬಂದೇವಿ."

ಪರಮಾನಂದ ಕೆಳಗಿಳಿದು ಮ್ಯಾನೇಜರನನ್ನು ಪಕ್ಕಕ್ಕೆ ಕರೆದು ಫೋನು ತೋರಿಸಿದ. ಜುಲ್ಫಿಕರ ನಕ್ಕು ಕಳಿಸಿಬಿಡುತ್ತಾನೆ ಎಂದು ಅವನ ಅಂದಾಜು. ಆದರೆ ಜುಲ್ಫಿಕರನ ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ.

"ಶೇರ ತಗೊಂಡವ್ರನ್ನ ನಾ ಇದ ಮೊದಲ ಸಲ ಕಣ್ಣಿಲೆ ನೋಡಾಕತ್ತೇನ್ರಿ ಸರ! ದೊಡ್ಡ ಮಾಲಕರು ತಿಂಗಳಗಟ್ಟಲೆ ಈ ಕಡೆ ಹಾಯ್ದಿಲ್ಲ, ಫೋನೂ ಎತ್ತಂಗಿಲ್ಲ. ನೀವು ದೇವರ ಬಂದಂಗ ಬಂದೀರಿ. ಬರ್ರಿ, ಕಾಯಿ ನಿಮ್ಮ ಕೈಲೆ ಒಡೀರಿ."

ಬೇಡ ಬೇಡ ಅಂದರೂ ಕೈಗೆ ಕಾಯಿ ಬಂತು. ರೇವವ್ವನಿಗೆ ಕುರ್ಚಿ ಬಂತು, ಎಲ್ಲರಿಗಿಂತ ಮೊದಲು ಆರತಿ ಅವಳ ಮುಂದೆ ಬಂತು. "ಮಾಲಕರ ಮನಿಯವ್ರು" ಎಂದು ಹೆಣ್ಣಾಳುಗಳು ಕುಂಕುಮ ಹಚ್ಚಿ ಕಾಲಿಗೆರಗಿದರು. ಮದುವೆಯ ದಿನ ಬಿಟ್ಟರೆ ಅವಳನ್ನು ಇಷ್ಟು ಮಂದಿ ಒಟ್ಟಿಗೆ ತಿರುಗಿ ನೋಡಿದ್ದೇ ಇಲ್ಲ. ಸಗಣಿ, ಹಾಲು, ಒಲೆ ಎಂದು ಸವೆದ ಜೀವ. ಅವಳು ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತ ಠೀವಿ ನೋಡಿದರೆ ಯಾರಿಗಾದರೂ ಕರುಳು ಚುರ್ ಎನ್ನಬೇಕು. ಪರಮಾನಂದನಿಗೂ ಅನ್ನಿಸಿತು, ಒಂದು ಗಳಿಗೆ.

ಮರುಗಳಿಗೆ ಇಟ್ಟಂಗಿಯ ಮಾತು ಬಂತು. ಜುಲ್ಫಿಕರ ಕೈ ಮುಗಿದ. "ಇಟ್ಟಂಗಿ ಕೊಡಾಕ ಬರಂಗಿಲ್ರಿ ಸರ. ಕಂಪನಿಗೆ ಲಾಭ ಬಂದ್ರ ನಿಮ್ಮ ಖಾತೆಗೆ ರೊಕ್ಕ ಬರ್ತಾವ."

"ಲಾಭ ಬಂದೈತೇನು?" ಅಬ್ದುಲಗನಿ ಕೇಳಿದ.

"ಇನ್ನೂ ಇಲ್ರಿ. ಇವ್ರ ಎರಡು ತಿಂಗಳ ಪಗಾರನ ಉಳದೈತಿ."

ಪಗಾರ ಎಂಬ ಮಾತು ಕೇಳಿದ್ದೇ ತಡ, ಪ್ರಸಾದ ತಿನ್ನುತ್ತಿದ್ದವರೆಲ್ಲ ಎದ್ದು ಬಂದು ಪರಮಾನಂದನ ಸುತ್ತ ನಿಂತರು. "ಹೌದಲ್ಲಪಾ, ಮಾಲಕರ ಇಲ್ಲೇ ಅದಾರಲ್ಲ!" "ಯಪ್ಪಾ, ನಿಮ್ಮ ಕೈಲೆ ಕಾಯಿ ಒಡಿಸೇವಿ, ನೀವ ಏನರ ಮಾಡ್ರಿ."

"ಅಯ್ಯ ತಮ್ಮಾ, ನಾ ಮಾಲಕ ಅಲ್ಲೋ, ನನ್ನ ಪಾಲು ಅಂದ್ರ ಅಗದೀ ಸಣ್ಣದು..." ಎಂದು ಪರಮಾನಂದ ಬೆವರತೊಡಗಿದಾಗ ರೇವವ್ವ ಕುರ್ಚಿಯಿಂದಲೇ ಅಭಯ ಕೊಟ್ಟಳು. "ಚಿಂತಿ ಮಾಡಬ್ಯಾಡ್ರಿ ತಂಗ್ಯಾರ. ನಮ್ಮನಿಯವ್ರು ಇಲ್ಲೀತನಾ ಯಾರದೂ ಒಂದು ಪೈಸಾ ಇಟಗೊಂಡಿಲ್ಲ."

ಪರಮಾನಂದ ಅಲ್ಲಿಂದ ಮೆಲ್ಲಗೆ ಜಾರಿದ. ಮೂತ್ರಕ್ಕೆ ಹೋಗುವ ನೆವ ಹೇಳಿ ಇಟ್ಟಂಗಿ ಸಾಲಿನ ಹಿಂದೆ ಹೋಗಿ ಫೋನು ಒತ್ತಿದ. ಎಷ್ಟಕ್ಕೆ ಹೋದರೂ ಸರಿ, ಎಲ್ಲ ಶೇರು ಮಾರಾಟಕ್ಕೆ ಇಟ್ಟ. ತಿರುಗಿ ನೋಡಿದರೆ ರೇವವ್ವ ಬೆನ್ನ ಹಿಂದೆಯೇ ನಿಂತಿದ್ದಳು.

"ಏನ ಮಾಡಾಕತ್ತೀರಿ?"

"ಮಾರಾಕ ಹಚ್ಚೇನಿ! ಅರ್ಧ ರೊಕ್ಕ ಮುಣುಗೈತಿ ರೇವಿ. ನಿನ್ನ ಮುಂದ ಹೇಳಾಕ ಧೈರ್ಯ ಸಾಲಲಿಲ್ಲ. ಉಳದಿದ್ದರ ಬರ್ಲಿ, ಸಾಕ್ಷಿಗೆ ನಾಕ ಗ್ವಾಡಿಯರ ಏಳಲಿ." ಪರಮಾನಂದ ಕಣ್ಣೊರೆಸಿಕೊಂಡ.

ಬೈಯುತ್ತಾಳೆ ಎಂದು ಕಾದ. ರೇವವ್ವ ಬೈಯಲಿಲ್ಲ. ಅವನ ಮುಖ ನೋಡಿದಳು, ಯಂತ್ರದ ಮೇಲಿನ ಮಾಲೆ ನೋಡಿದಳು, ಹೋಗಿ ಟ್ರೇಲರ್ ಹತ್ತಿದಳು. ಕೆಲಸಗಾರರಿಗೆಲ್ಲ ಕೈ ಮುಗಿದು ಪರಮಾನಂದನೂ ಮಡಗಾರ್ಡು ಏರಿದ.

ಬರುವಾಗ ಟ್ರೇಲರ್ ಖಾಲಿ, ಮಂದಿಯ ಬಾಯಿ ಮಾತ್ರ ತುಂಬಿತ್ತು. ಡೀಸೆಲ್ ಯಾರು ಕೊಡುತ್ತಾರೆ ಎಂದು ಸಿದ್ದಾರೂಢ ಗೇರು ಬದಲಿಸಿದಾಗೊಮ್ಮೆ ಕೇಳಿದ. ಕೋಳಿ ಗೂಡಿನ ಆಸೆಗೆ ಅರ್ಧ ದಿನ ಹಾಳಾಯಿತು ಎಂದು ಜೋಹರಾಬಿ ಕೂಗಾಡಿದಳು. ರೇವವ್ವ ಮಾತ್ರ ಟ್ರೇಲರಿನ ಮೂಲೆಯಲ್ಲಿ ಸೆರಗು ಹೊದ್ದು ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಎಂಜಿನ್ನಿನ ಸಪ್ಪಳಕ್ಕೆ ಏನೂ ಕೇಳುತ್ತಿರಲಿಲ್ಲ. ದುಃಖ ತೋಡಿಕೊಳ್ಳುತ್ತಿದ್ದಾಳೆ ಎಂದು ಪರಮಾನಂದ ಅಂದುಕೊಂಡ.

ನಾಲತವಾಡ ದಾಟುವಷ್ಟರಲ್ಲಿ ಅವನ ಫೋನು ಟಿಣ್ ಎಂದಿತು. ನೋಡಿದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

"ಹೋತು! ಹೋತು! ನಿಲ್ಲಸೋ ಸಿದ್ದಾರೂಢಾ!"

"ಏನ ಹೋತು ಕಾಕಾ, ಚಪ್ಪಲ್ಲೇನು?"

"ಪೀಡಾ ಹೋತೋ! ಶೇರ ಅಷ್ಟೂ ಯಾವನೋ ತಗೊಂಡಾನ! ನಾಳಿ ರೊಕ್ಕ ಕೈಗೆ ಬರ್ತೈತಿ!"

ರಸ್ತೆ ಪಕ್ಕದ ಕ್ಯಾಂಟೀನಿನಲ್ಲಿ ಪರಮಾನಂದ ಎಲ್ಲರಿಗೂ ಮಿರ್ಚಿ ಭಜಿ, ಚಹಾ ಹೇಳಿದ. ಜೋಹರಾಬಿಯ ಕೋಪ ಎರಡನೇ ಭಜಿಗೆ ಇಳಿಯಿತು. ಸಿದ್ದಾರೂಢ ಡೀಸೆಲಿನ ಮಾತು ಬಿಟ್ಟ. ಪರಮಾನಂದನ ನಾಲಿಗೆಗಂತೂ ಹಿಡಿತವೇ ಇರಲಿಲ್ಲ. "ನನಗಿಂತಾ ಹುಚ್ಚ ಒಬ್ಬಾವ ಅದಾನಂದ್ರ ಎಷ್ಟ ಸಮಾಧಾನ ಆಗಾಕತ್ತೈತಿ! ಯಾವ ಊರಾವೋ, ಅವನ ತಲ್ಯಾಗ ಬರೇ ಹಸಿ ಮಣ್ಣ ತುಂಬಿರಬೇಕು. ನಾಳಿ ಅವನ ಹೇಣ್ತಿ ಕಸಬರಿಗೀಲೆ ಬಾರಸ್ತಾಳ ನೋಡ್ರಿ."

"ಹಂಗೆಲ್ಲಾ ಅನಬ್ಯಾಡ್ರಿ" ಎಂದಳು ರೇವವ್ವ, ಭಜಿ ಮುರಿಯುತ್ತ. "ಯಾರೋ ಏನೋ. ಒಳ್ಳೇ ಮನಸಿನಿಂದನೂ ತಗೊಂಡಿರ್ತಾರ."

"ಒಳ್ಳೇ ಮನಸ! ಹುಚ್ಚಗ ಮನಸ ಎಲ್ಲಿಂದ ಬರ್ಬೇಕು!" ಎಂದು ಪರಮಾನಂದ ತೊಡೆ ತಟ್ಟಿ ನಕ್ಕ. ಅವಳು ಇನ್ನೊಂದು ಭಜಿ ತಗೊಂಡಳು.

ಮನೆ ಮುಟ್ಟಿದಾಗ ಹೊತ್ತು ಇಳಿದಿತ್ತು. "ಅಬ್ದುಲಗನಿ, ನಾಳಿ ಬುನಾದಿ ತೋಡೇ ಬಿಡು. ಸ್ಲ್ಯಾಬ ಇಲ್ಲಂದ್ರ ಇಲ್ಲ, ಸದ್ಯಕ್ಕ ಮ್ಯಾಲ ತಗಡ ಹಾಕೂಣು. ಇಟ್ಟಂಗಿಗೆ ಈಗಿಂದೀಗ ಫೋನ್ ಹಚ್ಚತೇನಿ" ಎಂದು ಪರಮಾನಂದ ಫೋನು ತೆಗೆದ. ಅಷ್ಟರಲ್ಲಿ ಅದೇ ಗಣಗಣ ಎಂದಿತು. ಇಂಡಿಯಿಂದ ಸಾಕ್ಷಿ.

"ಅಪ್ಪಾ! ಅವ್ವ ಎಲ್ಲಾ ಹೇಳಿದ್ಲು. ಕಾರಖಾನ್ಯಾಗ ನಿಮಗ ಕಾಯಿ ಒಡಿಸಿದ್ರಂತ, ಆರತಿ ಮಾಡಿದ್ರಂತ! ನಾ ಹಡಿಯಾಕ ಬರ್ತೇನಂತ ಅಂಥಾ ಮಾಲಕತನ ಅಳಕೋತ ಮಾರಾಕ ಹಚ್ಚೀರಂತ ಕೇಳಿ ನನ್ನ ಕರುಳ ಕಿತ್ತ ಬಂತಪಾ. ನಿಮ್ಮ ಅಳಿಯಾಗೂ ಕೇಳಿದೆ, ಅವ್ರೂ ಹೂಂ ಅಂದ್ರು."

"ಯಾತಕ್ಕ ಹೂಂ ಅಂದ್ರವ್ವಾ?" ಪರಮಾನಂದನ ದನಿ ಸಣ್ಣಗಾಯಿತು.

"ನಿಮ್ಮ ಶೇರ ಅಷ್ಟೂ ನಾನ ತಗೊಂಡೇನಿ! ಮಂದಿ ಕೈಗೆ ಯಾಕ ಹೋಗಬೇಕು? ದವಾಖಾನಿಗೆ ಅಂತ ಕೂಡಿಟ್ಟಿದ್ನಲ್ಲ, ನಿಮ್ಮ ಅಳಿಯಾನ ಶೇರಿನ ಖಾತೆಯಿಂದ ಒಂದು ರೂಪಾಯಿ ಉಳಸದಂಗ ಹಾಕಿಬಿಟ್ಟೆ. ನಿಮಗ ನಾಳಿ ಬರೂ ರೊಕ್ಕ ದವಾಖಾನಿಗೆ ಎತ್ತಿಡ್ರಿ, ಸಾಕು. ಶೇರೂ ಮನ್ಯಾಗ ಉಳೀತು, ರೊಕ್ಕೂ ಮನ್ಯಾಗ ಉಳೀತು. ಹೆಂಗ?"

ಪರಮಾನಂದ ಹೆಂಡತಿಯ ಕಡೆ ನೋಡಿದ. ರೇವವ್ವ ಬಾಗಿಲಲ್ಲಿ ಕುಂಕುಮದ ಹಣೆಯಲ್ಲೇ ನಿಂತು, ಹೇಗಿದೆ ನನ್ನ ಉಪಾಯ ಎನ್ನುವಂತೆ ನಗುತ್ತಿದ್ದಳು. ಅಬ್ದುಲಗನಿ ನೂಲು, ಗೂಟ ಹಿಡಿದು ಬಚ್ಚಲಿನ ಮೂಲೆಯಲ್ಲಿ ಅಳತೆ ಶುರು ಮಾಡಿದ್ದ. ಅವನಿಗೆ ನಿಲ್ಲಿಸು ಎಂದು ಪರಮಾನಂದ ಕೈಸನ್ನೆ ಮಾಡಿದ.

"ಅಪ್ಪಾ? ಯಾಕ ಸುಮ್ನಾದ್ರಿ? ಖುಷಿ ಆಗಲಿಲ್ಲೇನು?"

"ಆತವ್ವಾ" ಎಂದ ಪರಮಾನಂದ, ಜಗಲಿಯ ಮೇಲೆ ಕುಸಿದು ಕೂಡುತ್ತ. "ಭಾಳ ಖುಷಿ ಆತು. ಬರುವಾಗ ದಪ್ಪಂದು ಒಂದೆರಡ ಹಳೇ ಸೀರಿ ಹಾಕ್ಕೊಂಡ ಬಾ."