ಕಣ್ಣಾರೆ ಕಂಡ ಸಾಬೂನು

ಮಂದಿ ಮನ್ಯಾಗ ಏನೇನೈತಿ ಅಂತ ಕೇಳ್ಕೋತ ತಿರುಗೋದ ನೌಕರಿ ಆದ ಮ್ಯಾಲೆ, ದಿನಕ್ಕೊಮ್ಮೆ ಮಾನ ಹೋಗೋದೂ ಪಗಾರದಾಗ ಸೇರಿದ್ದು ಅಂತ ತಿಳ್ಕೋಬೇಕು. ಎರಡು ಸಾವಿರದ ಇಸವಿ ದಾಟಿದ ಹೊಸದರಾಗ ನಾನು ಹಾವೇರ್ಯಾಗ ರೂಮ್ ಮಾಡಿ, ಒಂದು ಸಾಬೂನಿನ ಕಂಪನಿಗೆ ಸರ್ವೇ ಮಾಡ್ತಿದ್ದೆ. ಬಡವರ ಓಣಿಯೊಳಗ ಮನಿ ಮನಿಗೆ ಹೋಗಿ, ಯಾವ ಸಾಬೂನು ಹಚ್ಕೋತೀರಿ ಅಂತ ಕೇಳಿ ಫಾರ್ಮ್ ತುಂಬೋ ಕೆಲಸ. ನೌಕರಿ ಟೆಂಪರರಿ. "ಸರ್ವೇ ಚೆನ್ನಾಗಿ ಮಾಡಿದ್ರೆ ಕಾಯಂ. ಒಂದು ಫಾರ್ಮ್ ಸುಳ್ಳಾದ್ರೂ ಮನೆಗೆ ನಡೀರಿ" ಅಂದಿದ್ರು ಬೆಂಗಳೂರಿನ ಸಾಹೇಬ್ರು. ಈ ಕಡೆ ನಮ್ಮ ಸೋದರಮಾವ, ಕಾಯಂ ಆಗೂತನಕ ಮಗಳನ್ನ ಕೊಡಂಗಿಲ್ಲ ಅಂತ ಕಡ್ಡಿ ಮುರಿದಂಗ ಹೇಳಿದ್ದ.

ಬ್ಯಾಡಗಿಯ ಸೀನು

ಬ್ಯಾಡಗ್ಯಾಗ ಒಂದಿಷ್ಟು ಹೆಣ್ಮಕ್ಳು ಕುಂತು ಮೆಣಸಿನಕಾಯಿ ತೊಟ್ಟು ಬಿಡಸಾಕತ್ತಿದ್ರು. ನಾನು ಪೆನ್ನು ತೆಗದು, "ಅಕ್ಕಾರ, ನೀವು ಯಾವ ಸಾಬೂ..." ಅನ್ನೂದ್ರಾಗ ಸೀನು ಬಂತು. ಮತ್ತ "ಯಾವ..." ಅಂದೆ, ಮತ್ತ ಸೀನು. ಏಳು ಸೀನಾದ್ರೂ ಒಂದು ಪ್ರಶ್ನೆ ಮುಗೀಲಿಲ್ಲ. ಒಬ್ಬಾಕಿ ಅಕ್ಕಗ ಕರುಣೆ ಬಂತು. "ನೀ ಸುಮ್ನ ಕುಂದ್ರು ತಮ್ಮಾ, ನಾವ ಕೇಳ್ತೀವಿ. ನಿಮ್ಮ ಮನ್ಯಾಗ ಯಾವ ಸಾಬೂನು?"

"ಗೊತ್ತಿಲ್ರಿ, ಅವ್ವ ತರ್ತಾಳ."

"ಎಷ್ಟ ದಿನಕ್ಕ ಒಂದು ಬೇಕು?"

"ಅದು ಅವ್ವಗ ಗೊತ್ತ್ರಿ."

"ರೇಟು?"

"ಅವ್ವನ್ನ ಕೇಳಬೇಕ್ರಿ."

ಅಕ್ಕ ಕೈಯಾಗಿನ ಮೆಣಸಿನಕಾಯಿ ಬುಟ್ಟಿಗೆ ಒಗದು ಅಂದ್ಲು: "ನೀ ಊರಿಗೆ ಹೋಗಿ ನಿಮ್ಮವ್ವನ್ನ ಕಳಸು. ಸರ್ವೇ ಆಕಿ ಮಾಡ್ಲಿ."

ಹತ್ತಕ್ಕ ಹತ್ತು

ಮೋಟೆಬೆನ್ನೂರಿನಾಗ ಒಬ್ಬಾಕಿ ಆಯಿ ಮುಂದ ಮೂರು ಸಾಬೂನು ಇಟ್ಟು, ಹತ್ತಕ್ಕ ಎಷ್ಟು ಮಾರ್ಕ್ಸ್ ಕೊಡ್ತೀರಿ ಅಂತ ಕೇಳಿದೆ. ಮದ್ಲನೇದಕ್ಕ ಹತ್ತು, ಎರಡನೇದಕ್ಕ ಹತ್ತು, ಮೂರನೇದಕ್ಕೂ ಹತ್ತು.

"ಆಯೀ, ಇದು ಇನ್ನೂ ಅಂಗಡಿಗೇ ಬಂದಿಲ್ಲ. ನೀವು ಹಚ್ಕೊಂಡ ನೋಡಿಲ್ಲಲ್ರಿ!"

"ನನಗ ಗೊತ್ತಿಲ್ಲೇನೋ ಯಪ್ಪಾ? ಬಿಸಲಾಗ ಬಂದೀದಿ, ಮಾರಿ ಬಾಡೇತಿ. ಕಡಿಮಿ ಕೊಟ್ರ ನಿಮ್ಮ ಸಾಹೇಬ್ರು ನಿನಗ ಬೈಯಂಗಿಲ್ಲೇನು?" ಅಂತ ಆಯಿ ಮಜ್ಜಿಗಿ ತಂದಿಟ್ಲು. ಮಜ್ಜಿಗಿಗೆ ನನ್ನ ಫಾರ್ಮ್‌ನಾಗ ಜಾಗಾ ಇರಲಿಲ್ಲ. ಇದ್ದಿದ್ರ ನಾನೂ ಹತ್ತು ಹಾಕ್ತಿದ್ದೆ.

ರಾಣೆಬೆನ್ನೂರಿನ ಓಣಿ

"ಜನ ಹೇಳಿದ್ದು ಬರೀಬೇಡಿ, ಸಾಬೂನು ಕಣ್ಣಾರೆ ನೋಡಿ ಬರೀರಿ" ಅಂತ ಸಾಹೇಬ್ರ ಹುಕುಂ ಬಂತು. ರಾಣೆಬೆನ್ನೂರಿನ ಒಂದು ಓಣ್ಯಾಗ ಹನ್ನೆರಡು ಮನಿ. ಪ್ರತಿ ಮನ್ಯಾಗೂ "ಸಾಬೂನು ತೋರಸ್ರಿ" ಅಂದೆ. ಪ್ರತಿ ಮನ್ಯಾಗೂ "ಕುಂದ್ರಿ, ಮದ್ಲ ಚಾ ಕುಡೀರಿ" ಅಂದು, ಚಾ ಮುಗಿಯೂದ್ರಾಗ ಹಿತ್ತಲದಿಂದ ಗುಲಾಬಿ ಬಣ್ಣದ ತುಟ್ಟಿ ಸಾಬೂನು ತಂದು ತೋರಿಸಿದ್ರು. ನೀಲಿ ಡಬ್ಬಿ, ಅದರ ಒಂದು ಮೂಲಿ ಒಡದಿತ್ತು. ಹನ್ನೆರಡೂ ಮನ್ಯಾಗ ನೀಲಿ ಡಬ್ಬಿ, ಹನ್ನೆರಡೂ ಡಬ್ಬಿಯ ಮೂಲಿ ಒಡದಿತ್ತು. ನಾನೋ ಭಾಳ ಶ್ಯಾಣ್ಯಾ. ಫಾರ್ಮ್‌ನ ಕೆಳಗ ಬರದೆ: "ಡಬ್ಬಿ ಗಟ್ಟಿ ಇಲ್ಲ, ಕಂಪನಿಯವರು ಗಮನಿಸಬೇಕು."

ಫಾರ್ಮ್ ನೋಡಿ ಸಾಹೇಬ್ರು ಹಿಗ್ಗಿ ಹೀರೇಕಾಯಿ ಆದ್ರು. ಬಡವರ ಓಣ್ಯಾಗ ಎಲ್ಲಾರೂ ತುಟ್ಟಿ ಸಾಬೂನು! ಖುದ್ದ ನೋಡಾಕ ಬಂದಬಿಟ್ರು. ಅವತ್ತ ಆಟೋದವ ನಮ್ಮನ್ನ ಓಣಿಯ ಇನ್ನೊಂದು ತುದಿಗೆ ಇಳಿಸಿದ. ಸಾಹೇಬ್ರು ಸೀದಾ ಹನ್ನೆರಡನೇ ಮನಿ ಹೊಕ್ಕು, ಸಾಬೂನು ತೋರಿಸಿ ಅಂದ್ರು.

"ಕುಂದ್ರಿ ಸಾಹೇಬ್ರ" ಅಂದ್ಲು ಆ ಮನಿ ಅಜ್ಜಿ, "ಸಾಬೂನು ಇನ್ನೂ ಬಂದಿಲ್ಲ."

"ಎಲ್ಲಿಂದ ಬರ್ಬೇಕು?"

"ಆ ತುದಿ ಮನಿಯಿಂದ. ಹ್ವಾದ ಸಲ ಇವ್ರು ಆ ಕಡಿಂದ ಬಂದ್ರು, ಸಾಬೂನೂ ಇವರ ಮುಂದಮುಂದ ಬಂತು. ಇವತ್ತ ನೀವ ಉಲ್ಟಾ ಬಂದ್ರ ಅದೇನ್ ಮಾಡಬೇಕ್ರಿ?"

ಕಾಯಂ ನೌಕರಿ, ಮಾವನ ಮಗಳು, ಎರಡೂ ಹಿತ್ತಲ ಬಾಗಿಲದಿಂದ ಹೊಂಟು ಹೋದಂಗಾತು.

"ಓಣಿಗೆಲ್ಲಾ ಒಂದೇ ಸಾಬೂನಾ?"

"ಬೀಗರು ಬಂದ್ರ ಕೈ ತೊಳ್ಯಾಕ ಅಂತ ಎಲ್ಲಾರೂ ಕೂಡಿ ತಂದಿಟ್ಟೇವ್ರಿ. ಇವ್ರು ಬಾಯಿ ಬಿಟ್ಟು ಸಾಬೂನು ಕೇಳಿದ್ರು. ಮನಿಗೆ ಬಂದೋರಿಗೆ ಬಟ್ಟಿ ಸಾಬೂನಿನ ತುಂಡು ತೋರಸಾಕ ಬರ್ತೈತೇನು?"

ಸಾಹೇಬ್ರು ನನ್ನ ಕಡೆ ತಿರುಗಿದ್ರು. "ನೀವು ಕಣ್ಣಾರೆ ನೋಡಿದ್ರಾ?"

"ನೋಡೀನ್ರಿ" ಅಂದೆ. "ಹನ್ನೆರಡು ಸಲ ನೋಡೀನ್ರಿ."

"ಅಜ್ಜಿ, ಈ ಮನುಷ್ಯನನ್ನ ಕೆಲಸದಲ್ಲಿ ಇಟ್ಕೋಬೇಕೋ ಬೇಡವೋ? ಹತ್ತಕ್ಕೆ ಎಷ್ಟು ಕೊಡ್ತೀರಿ, ನೀವೇ ಹೇಳಿ."

ಅಜ್ಜಿ ನನ್ನ ಮ್ಯಾಲಿಂದ ಕೆಳಗಿನತನಕ ನೋಡಿದ್ಲು. "ಕಾಲಿಗೆ ಹತ್ತು ಹಾಕ್ರಿ, ಪಾಪ ಬಿಸಲಾಗ ಭಾಳ ಅಡ್ಡಾಡ್ಯಾರ. ಕಣ್ಣಿಗೆ ಸೊನ್ನಿ."

ಸಾಹೇಬ್ರಿಗೆ ನಗು ತಡೀಲಿಲ್ಲ. "ಓಣಿಯವರೆಲ್ಲಾ ಸೇರಿ ಒಂದು ಸಾಬೂನು ಇಟ್ಕೋತಾರೆ ಅಂತ ಇದುವರೆಗೂ ಯಾರೂ ನಮಗೆ ಹೇಳಿರ್ಲಿಲ್ಲ. ಅದನ್ನೇ ಬರೀರಿ" ಅಂದ್ರು.

ಮುಂದಿನ ತಿಂಗಳು ಕಾಯಂ ಆರ್ಡರ್ ಬಂತು. ಓಡಿ ಹೋಗಿ ಮಾವನ ಕೈಯಾಗ ಕೊಟ್ಟೆ. ಮಾವ ಎರಡೆರಡು ಸಲ ಓದಿ, ಕಡೀ ಸಾಲು ಎಲ್ಲಾರಿಗೂ ಕೇಳೂವಂಗ ಜೋರಾಗಿ ಓದಿದ: "ಕೆಲಸಕ್ಕೆ ಹಾಜರಾಗುವ ಮೊದಲು ಕಣ್ಣು ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು."